ಮಾವನ ತಲೆ ಹೊಗೆಯಾದ ಪಟ

ಪಟ ತೆಗೆಯುವವನಾಗುವ ಮೊದಲು ನಾನು ಕೊಂಬಿಗೆ ಬಣ್ಣ ಬಳಿಯುವವನಾಗಿದ್ದೆ. ಪೊಂಗಲ್ ಬಂತೆಂದರೆ ತಮಿಳು ನೆಲದ ನಮ್ಮೂರು ಕಂಬಂ ಸುತ್ತಿನ ಎತ್ತು ಹಸುಗಳೆಲ್ಲ ನನ್ನೆದುರು ತಲೆ ಬಗ್ಗಿಸಲೇಬೇಕಿತ್ತು. ಉಳಿದ ದಿನಗಳಲ್ಲಿ ಮದುವೆಯ ಗಡಿಗೆಗಳ ಮೇಲೆ ಬಳ್ಳಿ, ಹೊಸ ಮನೆಯ ಗೋಡೆಯ ಮೇಲೆ ಆನೆ, ಊರಾಚೆಯ ಕಾವಲು ದೇವರ ಮಣ್ಣಿನ ಕುದುರೆಗಳಿಗೆ ಕಣ್ಣು. ನಾನು ಬರೆದ ಆನೆಯನ್ನು ಎಮ್ಮೆ ಎಂದವರಿದ್ದರು. ಆದರೆ ಊರಿನಲ್ಲಿ ಬಣ್ಣ ಹಿಡಿಯುವವನು ಬೇರೆ ಯಾರೂ ಇರಲಿಲ್ಲವಾದ್ದರಿಂದ, ಎಮ್ಮೆಗೂ ಸೊಂಡಿಲಿರಬಹುದೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು.

ದಿಂಡಿಗಲ್ಲಿಗೆ ನನ್ನನ್ನು ಕರೆಸಿಕೊಂಡದ್ದೂ ಬಣ್ಣದ ಕೆಲಸಕ್ಕೇ. ಅಲ್ಲಿ ರೈಲು ನಿಲ್ದಾಣದ ಹತ್ತಿರ ಒಬ್ಬ ಫೋಟೊಗ್ರಾಫರ್ ಅಂಗಡಿ ಇಟ್ಟಿದ್ದ. ಪಟ ತೆಗೆಸಿಕೊಳ್ಳುವವರ ಬೆನ್ನ ಹಿಂದೆ ಕಟ್ಟಲು ಅವನಿಗೊಂದು ಪರದೆ ಬೇಕಿತ್ತು. ಬಿಳಿಯರ ಸೀಮೆಯ ಅರಮನೆ, ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಕೊಳ, ಕೊಳದಲ್ಲಿ ಹಂಸ. ನಾನು ಹಂಸವನ್ನು ಕಂಡವನಲ್ಲ. ನಮ್ಮ ಗದ್ದೆಯ ಬಾತುಕೋಳಿಯನ್ನೇ ಕತ್ತು ಹಿಡಿದು ಎಳೆದಂತೆ ಬರೆದುಕೊಟ್ಟೆ. ಅವನಿಗೆ ಅದು ಹಿಡಿಸಿತು. ನಾನು ಅಲ್ಲೇ ಉಳಿದೆ, ಪರದೆಯ ಮುಂದಿನ ಕೆಲಸವನ್ನೂ ಕಲಿತೆ. ನಮ್ಮ ಮನೆಮಾತು ಕನ್ನಡವಾದರೂ ಅವನು ಕೆಲಸ ಕಲಿಸಿದ್ದು ತಮಿಳಿನಲ್ಲಿ. ಹಾಗಾಗಿ ಇವತ್ತಿಗೂ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದೆನೆಂದರೆ ನನ್ನ ಬಾಯಿಂದ ಕನ್ನಡ ಹೊರಡುವುದಿಲ್ಲ. 'ಅಸೈಯಾದೀಂಗ!' ಎಂದೇ ಕೂಗುತ್ತೇನೆ. ಅಲುಗಾಡಬೇಡಿ ಎಂದರ್ಥ.

ಅವನು ಹೊಸ ಕ್ಯಾಮೆರಾ ಪೆಟ್ಟಿಗೆ ತರಿಸಿಕೊಂಡಾಗ ಹಳೆಯದನ್ನು ನನಗೆ ಕೊಟ್ಟ. ಹಂಸದ ಪರದೆಯನ್ನೂ ಸುತ್ತಿ ಗಾಡಿಗೆ ಹಾಕಿಸಿದ. ಹಳೆಯ ಪೆಟ್ಟಿಗೆಯ ಕಾಚಿಗೆ, ಅಂದರೆ ಅದರ ಕಣ್ಣಿನ ಗಾಜಿಗೆ, ವಯಸ್ಸಾಗಿತ್ತು. ಅಜ್ಜಂದಿರ ಕಣ್ಣಿನಂತೆ ಅದಕ್ಕೂ ಏನನ್ನಾದರೂ ಸರಿಯಾಗಿ ನೋಡಲು ತುಂಬ ಹೊತ್ತು ಬೇಕು. ಅದರ ಮುಚ್ಚಳ ತೆಗೆದು, ಒಂದು ಸಣ್ಣ ಮಂತ್ರ ಹೇಳಿ ಮುಗಿಸುವಷ್ಟು ಕಾಲ ಕಾದು, ಮತ್ತೆ ಮುಚ್ಚಬೇಕಿತ್ತು. ಅಷ್ಟು ಹೊತ್ತೂ ಎದುರಿಗಿದ್ದವರು ಕಲ್ಲಾಗಿರಬೇಕು.

ಕಂಬಂಗೆ ಬಂದ ಮೇಲೆ ಪಟಕ್ಕೆಂದು ಮೊದಲು ಬಂದವನು ನನ್ನ ಸೋದರಮಾವ.

ನಮ್ಮ ಕುಲದವರಿಗೆ ಕಂಬಂನಲ್ಲಿ ದೇವರ ದನಗಳ ದೊಡ್ಡಿಯೊಂದಿದೆ. ಆ ದನಗಳನ್ನು ಯಾರೂ ಉಳುಮೆಗೆ ಹೂಡುವುದಿಲ್ಲ. ಅವುಗಳಿಗೊಂದು ಪಟ್ಟದ ಹೋರಿ. ಹಳೆಯ ಹೋರಿ ತೀರಿಕೊಂಡರೆ ಇಡೀ ಮಂದೆಯ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಯಾವ ಹೋರಿ ಮೊದಲು ಬಂದು ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಆ ಕಾಲದಲ್ಲಿ ಪಟ್ಟದ ಹೋರಿಯ ಮೇವು ನೀರು ನೋಡಿಕೊಳ್ಳುವ ಹೊಣೆ ನನ್ನ ಮಾವನದು. ತನ್ನ ಮಕ್ಕಳು ಉಂಡರೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಹೋರಿ ಎಷ್ಟು ಸಲ ಮೆಲುಕು ಹಾಕಿತು ಎಂಬುದು ತಿಳಿದಿರುತ್ತಿತ್ತು.

'ಮಾಪಿಳ್ಳೆ, ನಿನ್ನ ಪೊಟ್ಟೀಲಿ ನಮ್ಮ ಸ್ವಾಮೀನ ಹಿಡೀಬೇಕು' ಎಂದ ಮಾವ. ಅಳಿಯನನ್ನು ಮಾಪಿಳ್ಳೆ ಎನ್ನುವುದು ನಮ್ಮ ಕಡೆಯ ವಾಡಿಕೆ, ಪೊಟ್ಟಿ ಎಂದರೆ ಪೆಟ್ಟಿಗೆ, ಸ್ವಾಮಿ ಎಂದರೆ ಹೋರಿ.

'ಯಾಕೆ ಮಾವ, ದಿನಾ ಕಣ್ಣೆದುರಿಗೇ ಅದೆಯಲ್ಲ?'

'ನನಗಲ್ಲ. ಕಾಮಯಗೌಂಡನ್‌ಪಟ್ಟಿ ಸಮ್ಮಂದಿಗೆ.'

ಸಮ್ಮಂದಿ ಎಂದರೆ ಬೀಗ. ಮಾವನ ಮಗಳನ್ನು ಆ ಊರಿಗೆ ಕೊಟ್ಟಿತ್ತು. ಹಿಂದಿನ ವಾರ ಯಾವುದೋ ಮದುವೆಯ ಪಂಕ್ತಿಯಲ್ಲಿ, ಎಲ್ಲರ ಎದುರು, ಆ ಬೀಗರು ಸಾರನ್ನು ಸೊರ್ರೆಂದು ಹೀರುತ್ತಾ, 'ಕಂಬಂ ಹೋರಿ ಯಾಕೋ ಇಳಿದುಹೋಗ್ಯದೆ, ಪಕ್ಕೆಲುಬು ಎಣಿಸ್ಬೋದು' ಎಂದುಬಿಟ್ಟಿದ್ದರಂತೆ. ಮಾವ ಎಲೆ ಬಿಟ್ಟು ಎದ್ದು ಬಂದಿದ್ದ. ಮಾವ ಪಾಯಸ ಬರುವ ಮೊದಲೇ ಎದ್ದದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡಿರಲಿಲ್ಲ.

'ಪಡಂ ಅಂದ್ರೆ ಸುಳ್ಳು ಹೇಳಲ್ಲ ಅಲ್ವಾ? ಅವರ ಮೂಗಿನ ಮುಂದೆ ಹಿಡೀತೀನಿ. ಎಣಿಸ್ಲಿ ಪಕ್ಕೆಲುಬ!'

ಪಟ ಮೂಡಿಸುವ ಗಾಜಿನ ಫಲಕಗಳು ದಿಂಡಿಗಲ್ಲಿನಿಂದ ಗಾಡಿಯಲ್ಲಿ ಹುಲ್ಲು ಸುತ್ತಿಕೊಂಡು ಬರಬೇಕಿತ್ತು. ತೇನಿ ದಾಟುವಾಗ ಗಾಡಿಯವನು ಹೊಳೆಯಲ್ಲಿ ಎತ್ತುಗಳಿಗೆ ಸ್ನಾನ ಮಾಡಿಸಲು ಹೋಗಿ ಫಲಕಗಳ ಪೆಟ್ಟಿಗೆಯನ್ನೂ ಮುಳುಗಿಸಿದ್ದ. ತನ್ನ ಬುದ್ಧಿವಂತಿಕೆಯನ್ನು ತಾನೇ ಮೆಚ್ಚಿಕೊಂಡು, 'ಧೂಳೆಲ್ಲ ಹೋಯ್ತು ಶಾಮಿ' ಎಂದ. ಧೂಳಿನ ಜೊತೆ ಫಲಕಗಳ ಮೇಲಿನ, ಬೆಳಕು ಹಿಡಿಯುವ ಮಸಾಲೆಯೂ ಹೋಗಿತ್ತು. ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಒಂದೇ ಒಂದು ಫಲಕ ಉಳಿದಿತ್ತು.

'ಒಂದೇ ಅದೆ ಮಾವ. ಕೆಟ್ಟರೆ ಮತ್ತೆ ದಿಂಡಿಗಲ್ಲಿಂದ ಬರೋವರೆಗೂ ಇಲ್ಲ.'

'ಯಾಕೆ ಕೆಡ್ತದೆ? ಸ್ವಾಮಿ ಅಲ್ಲಾಡದಂಗೆ ನೋಡ್ಕೊಳ್ಳೋದು ನನ್ನ ಕೆಲಸ.'

ಅಂದಿನಿಂದ ಅವನು ಹೋರಿಗೆ ಪಾಠ ಹೇಳತೊಡಗಿದ. ಬೆಳಿಗ್ಗೆ ಬಂದು ಅದರ ಮುಂದೆ ನಿಲ್ಲುವುದು, ಅಂಗೈ ಎತ್ತಿ ಹಿಡಿಯುವುದು, 'ಅಲ್ಲಾಡ್ಬೇಡ ತಂದೇ' ಎನ್ನುವುದು. ಹೋರಿ ಅವನನ್ನು ನೋಡುತ್ತಾ ಮೆಲುಕು ಹಾಕುತ್ತಿತ್ತು. ಸ್ವಭಾವತಃ ಅದು ಸೋಮಾರಿ. ಕಬ್ಬು ಕಂಡ ದಿನ ಓಡಿದ್ದೇ ಅದರ ಜೀವಮಾನದ ಓಟ.

ಪಟದ ದಿನ ಊರಿನ ಅರ್ಧ ಜನ ದೊಡ್ಡಿಯ ಮುಂದೆ ಸೇರಿದರು. ಮಾವ ಹೊಸ ಪಂಚೆ, ಜರಿಯ ರುಮಾಲು. ಹೋರಿಗೆ ಕೊರಳಲ್ಲಿ ಗಂಟೆ, ಹಣೆಗೆ ಕುಂಕುಮ, ಕೊಂಬಿಗೆ ನನ್ನದೇ ಬಣ್ಣ. ಹುಣಸೆಮರದ ನೆರಳಿನಲ್ಲಿ ಹಿಂದುಗಡೆ ಹಂಸದ ಪರದೆ ಕಟ್ಟಿದೆ. ದೇವರ ಹೋರಿಗೆ ಸೀಮೆಯ ಮೆಟ್ಟಿಲು ಯಾಕೆ ಎಂದು ನಾನು ಕೇಳಿದ್ದೆ. ಅರಮನೆ ಕಂಡರೆ ಬೀಗರು ಇನ್ನಷ್ಟು ಉರಿಯುತ್ತಾರೆಂದು ಮಾವನ ಲೆಕ್ಕ.

ನಾನು ಕರಿಬಟ್ಟೆಯೊಳಗೆ ತಲೆ ಹಾಕಿ ನೋಡಿದೆ. ಗಾಜಿನ ಮೇಲೆ ಎಲ್ಲ ತಲೆಕೆಳಗಾಗಿ ಕಾಣುವುದು ಕ್ಯಾಮೆರಾದ ರೀತಿ. ತಲೆಕೆಳಗಾದ ಅರಮನೆ ಇತ್ತು, ತಲೆಕೆಳಗಾದ ಮಾವ ಇದ್ದ, ಹೋರಿಯ ಹಿಂಭಾಗ ಮಾತ್ರ ನನ್ನ ಕಡೆಗಿತ್ತು. ಹೊರಗೆ ಬಂದು ನೋಡಿದರೆ ಹೋರಿ ಪರದೆಯ ಕಡೆ ತಿರುಗಿ ಕೊಳವನ್ನು ನೆಕ್ಕುತ್ತಿದೆ! ಬಟ್ಟೆಗೆ ಬಣ್ಣ ಹಿಡಿಯಲೆಂದು ನಾನು ಹುಣಸೆಬೀಜದ ಅಂಟು ದಪ್ಪಗೆ ಬಳಿದಿದ್ದೆ. ಹೋರಿಗೆ ಅದರ ರುಚಿ ಹತ್ತಿತ್ತು. ನಾಲಿಗೆಯ ಒಂದೊಂದು ಎಳೆತಕ್ಕೂ ಒಂದೊಂದು ಮೆಟ್ಟಿಲು ಮಾಯವಾಗುತ್ತಿತ್ತು.

'ಹಂಸ! ಹಂಸ!' ಎಂದು ನಾನು ಕೂಗಿದೆ. ಹಂಸ ಆಗಲೇ ಹೋಗಿತ್ತು.

ಮಾವ ಅಲುಗಲಿಲ್ಲ. 'ತಿನ್ಲಿ ಬಿಡು. ಸ್ವಾಮಿಗೆ ಹಿಡಿಸ್ಯದೆ. ಎಷ್ಟು ತಿಂತದೋ ಅಷ್ಟು ಹೊಟ್ಟೆ ಕಾಣ್ತದೆ.'

ಪರದೆಯನ್ನು ಬಿಚ್ಚಿ ಎಳೆದೆವು. ಹೋರಿ ಬಾಯಿ ಚಪ್ಪರಿಸುತ್ತಾ ನಮ್ಮ ಕಡೆ ತಿರುಗಿತು. ಹೊಟ್ಟೆಯಲ್ಲಿ ಕೊಳ, ಮೆಟ್ಟಿಲು, ಹಂಸ ಎಲ್ಲವೂ ಇಳಿದಿದ್ದರಿಂದಲೋ ಏನೋ, ಕಣ್ಣು ಅರೆಮುಚ್ಚಿ, ಕೊರಳೆತ್ತಿ, ಕಡೆದಿಟ್ಟಂತೆ ನಿಂತಿತು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದೆಂದು ನಾನು 'ಅಸೈಯಾದೀಂಗ!' ಎಂದು ಕೂಗಿ ಮುಚ್ಚಳ ತೆಗೆದೆ.

ಹೋರಿ ಅಲ್ಲಾಡಲಿಲ್ಲ. ಅದರ ಬಾಲವೂ ಅಲ್ಲಾಡಲಿಲ್ಲ. ಬೇಲಿಯಾಚೆಯ ಹೆಂಗಸರು ಕೂಡ ಉಸಿರು ಹಿಡಿದಿದ್ದರು. ಮಾವನೊಬ್ಬ, ಮೈಯನ್ನು ಮರದ ಕೊರಡಿನಂತೆ ನಿಲ್ಲಿಸಿ, ತಲೆಯನ್ನು ಮಾತ್ರ ಹೋರಿಯ ಕಡೆಗೂ ನನ್ನ ಕಡೆಗೂ ಜನರ ಕಡೆಗೂ ತಿರುಗಿಸುತ್ತಾ, 'ಅಲ್ಲಾಡ್ಬೇಡ ತಂದೇ... ಯಾರೂ ಅಲ್ಲಾಡ್ಬೇಡ್ರೋ... ನೋಡು ಮಾಪಿಳ್ಳೆ, ಎಂಗೆ ನಿಂತದೆ... ಅಲ್ಲಾಡ್ಬೇಡ ತಂದೇ' ಎನ್ನುತ್ತಲೇ ಇದ್ದ. ಮಧ್ಯದಲ್ಲಿ ಅವನನ್ನು ತಡೆಯೋಣವೆಂದರೆ ನಾನು ಮಂತ್ರ ಹೇಳುತ್ತಿದ್ದೆ.

ಮಾವನ ಮನೆಯ ಕಾಳಿನ ಕೋಣೆಯ ಕಿಂಡಿಗಳನ್ನೆಲ್ಲ ಮುಚ್ಚಿ, ಕೆಂಪು ಗಾಜಿನ ದೀಪ ಹಚ್ಚಿಕೊಂಡು ಫಲಕವನ್ನು ಮದ್ದಿನ ನೀರಿನಲ್ಲಿ ತೊಳೆದೆ. ಮರುದಿನ ಬಿಸಿಲಿನಲ್ಲಿ ಕಾಗದದ ಮೇಲೆ ಪಟ ಇಳಿಸಿದೆ. ಹೋರಿ ಎಷ್ಟು ಸೊಗಸಾಗಿ ಬಂದಿತ್ತೆಂದರೆ ಅದರ ರೆಪ್ಪೆಯ ಕೂದಲು ಕಾಣುತ್ತಿತ್ತು. ಮಾವನ ಪಂಚೆಯ ಅಂಚಿನ ಗೆರೆ ಕಾಣುತ್ತಿತ್ತು. ಕೈ, ಎದೆ, ಕೊರಳಿನ ರುದ್ರಾಕ್ಷಿ ಎಲ್ಲವೂ ಇತ್ತು. ಅದರ ಮೇಲೆ, ತಲೆಯಿರಬೇಕಾದಲ್ಲಿ, ಹಸಿ ಸೌದೆಯ ಒಲೆಯಿಂದ ಎದ್ದಂಥ ಒಂದು ಉಂಡೆ ಹೊಗೆ.

ಮಾವ ಪಟವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಹೋರಿಯನ್ನೇ ನೋಡಿ ಹಿಗ್ಗಿದ. ಆಮೇಲೆ ಪಕ್ಕಕ್ಕೆ ಕಣ್ಣು ಹಾಯಿಸಿದ.

'ಇದ್ಯಾರು?'

'ನೀವೇ ಮಾವ.'

'ನನ್ನ ತಲೆ ಎಲ್ಲಿ?'

'ನೀವು ಆಡಿಸಿದ್ರಿ. ಆಡಿಸಿದ್ದು ನಿಲ್ಲಲ್ಲ ಇದರಲ್ಲಿ.'

'ನಾನಾ? ಸ್ವಾಮಿಗೆ ಹೇಳ್ತಾ ಇದ್ದೆ ಕಣೋ, ಅಲ್ಲಾಡ್ಬೇಡ ಅಂತ!'

'ಅದು ಕೇಳಿಸ್ಕೊಂಡು ನಿಂತಿತು ಮಾವ. ನೀವು ಕೇಳಿಸ್ಕೊಳ್ಳಲಿಲ್ಲ.'

ಬೀಗರನ್ನು ಊಟಕ್ಕೆ ಕರೆದಾಗಿತ್ತು. ಬೇರೆ ಫಲಕವಿರಲಿಲ್ಲ. 'ನೀನು ಬಣ್ಣದವನಲ್ವಾ, ಬರೆ ನನ್ನ ತಲೆಯ' ಎಂದು ಮಾವ ಪಡಸಾಲೆಯಲ್ಲಿ ಕೂತ. ನಾನು ನೀರುಬಣ್ಣ ಕಲಸಿ ಹೊಗೆಯ ಮೇಲೆ ತಲೆ ಬರೆಯಲು ಶುರುಮಾಡಿದೆ.

ತಲೆ ಬರೆಯುವುದು ಆನೆ ಬರೆದಂತಲ್ಲ. ಆನೆಗೆ ತನ್ನ ಮೂಗಿನ ಬಗ್ಗೆ ಅಭಿಪ್ರಾಯವಿರುವುದಿಲ್ಲ. ಮಾವ ಮೀಸೆಯನ್ನು ಮದುವೆಯ ಕಾಲದ್ದು ಬೇಕೆಂದ. ಹಾಗೆ ಬರೆದರೆ ಗಲ್ಲ ಇಕ್ಕಟ್ಟಾಯಿತು. ಗಲ್ಲ ಅಗಲಿಸಿದರೆ ರುಮಾಲು ಚಿಕ್ಕದಾಯಿತು. ಅವನ ಅಕ್ಕ, ಅಂದರೆ ನನ್ನ ತಾಯಿ, ಬಂದು ನೋಡಿ, 'ಕಿವಿ ನಮ್ಮಪ್ಪನಂಗೆ ದೊಡ್ಡದು ಅದೆ ಅವನಿಗೆ, ಬಿಡ್ಬೇಡ' ಎಂದಳು. ಕಿವಿಯನ್ನು ಸೇರಿಸಿದೆ. ಅಷ್ಟು ಹೊತ್ತಿಗೆ ತಲೆ ಹೋರಿಯ ತಲೆಗಿಂತ ದೊಡ್ಡದಾಗಿತ್ತು. ಬಣ್ಣ ಪದರು ಪದರಾಗಿ ಕೂತು ಮೂಗು ನಿಜವಾಗಿಯೂ ಕಾಗದದಿಂದ ಹೊರಗೆ ಚಾಚಿತ್ತು.

ಅಡಿಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳು ಮಿತಭಾಷಿ. ಮನೆಯ ಮಾತನ್ನೆಲ್ಲ ಮಾವನೇ ಆಡಿ ಮುಗಿಸುತ್ತಿದ್ದುದರಿಂದ ಅವಳ ಪಾಲಿಗೆ ಉಳಿಯುತ್ತಿರಲಿಲ್ಲ. ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

'ಇದ್ಯಾರ್ದು ಮೂತಿ? ನಮ್ಮ ಮನೇಲಿ ಯಾರ್ದೂ ಅಲ್ಲ.'

'ನಂದೇ!' ಎಂದ ಮಾವ.

ಅತ್ತೆ ಸೆರಗಿನ ತುದಿಯನ್ನು ಚೊಂಬಿನ ನೀರಿನಲ್ಲಿ ಅದ್ದಿ, ಮಗುವಿನ ಬಾಯಿ ಒರೆಸಿದಂತೆ ನನ್ನ ಇಡೀ ದಿನದ ಕೆಲಸವನ್ನು ಒರೆಸಿಹಾಕಿದಳು. ನಾನೂ ಮಾವನೂ ಒಟ್ಟಿಗೇ ಹೋ ಎಂದೆವು. ಮೂಗು ಹೋಯಿತು, ಮೀಸೆ ಹೋಯಿತು, ಮತ್ತೆ ಹೊಗೆ ಕಾಣಿಸಿಕೊಂಡಿತು.

'ಈಗ ನೋಡ್ರಿ, ನೀವೇ' ಎಂದಳು. 'ಈ ಮನೆಗೆ ಬಂದಾಗಿಂದ ನಿಮ್ಮ ಮುಖ ಒಂದು ಕಡೆ ನಿಂತಿದ್ದು ನಾನೇ ಕಂಡಿಲ್ಲ. ಪೊಟ್ಟಿಗೆ ಎಲ್ಲಿಂದ ಕಾಣ್ಬೇಕು?' ಹಾಗೆಂದು ಪಟವನ್ನು ದೀಪದ ಗೂಡಿನ ಪಕ್ಕದಲ್ಲಿ ತಾನೇ ನಿಲ್ಲಿಸಿದಳು. ಒಳಗೆ ಹೋಗುವಾಗ ಇನ್ನೊಮ್ಮೆ ತಿರುಗಿ ಅದನ್ನು ನೋಡಿ ನಕ್ಕಳು. ಮಾವ ಆ ನಗೆಯನ್ನು ಕಂಡ. ತಲೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಬೀಗರು ಬಂದರು. ಮಾವ ಪಟವನ್ನು ತೋರಿಸಿ, ಹೊಗೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡ. ಬೀಗರು ಹೆಬ್ಬೆರಳನ್ನು ಸರಿಸಿದರು.

'ಅಡಡೇ, ನಮ್ಮ ಸಮ್ಮಂದಿ! ಯಾರನ್ನೋ ಬೈತಾ ಇದೀರಿ!'

'ತಲೆ ಇಲ್ದೆ ಎಂಗೆ ಗೊತ್ತಾಯ್ತು?' ಎಂದು ನಾನು ಕೇಳಿದೆ.

'ತಲೆ ಯಾತಕ್ಕೆ? ನಿಂತಿರೋದ್ರಲ್ಲೇ ಬೈಗುಳ ಕಾಣ್ತದೆ.' ಆಮೇಲೆ ಹೋರಿಯನ್ನು ತುಂಬ ಹೊತ್ತು ನೋಡಿದರು. ಪಕ್ಕೆಲುಬು ಎಲ್ಲೂ ಇರಲಿಲ್ಲ. ಕೊನೆಗೆ, ಯಾರಿಗೂ ಕೇಳಿಸಬಾರದೆಂಬಂತೆ, 'ಕೊಬ್ಬಿ ಹೋಗ್ಯದೆ' ಎಂದರು. ಮಾವ ಅವತ್ತು ಪಾಯಸವನ್ನು ಎಲೆಯಲ್ಲಿ ಹಾಕಿಸಿಕೊಳ್ಳದೆ ಪಾತ್ರೆಯನ್ನೇ ಪಕ್ಕಕ್ಕಿಟ್ಟುಕೊಂಡ.

ಬೀಗರಿಗೆ ಮಾತ್ರ ಆ ಹೊಗೆ ತಲೆಯಲ್ಲಿ ಕೂತುಬಿಟ್ಟಿತು. ದೇವರ ಹೋರಿಯ ಪಕ್ಕದಲ್ಲಿ ನಿಂತವರ ಮುಖದ ತೇಜಸ್ಸನ್ನು ಪೆಟ್ಟಿಗೆಗೆ ತಡೆಯಲಾಗಲಿಲ್ಲವೆಂದು ಅವರ ಊರಿನಲ್ಲಿ ಯಾರೋ ಹೇಳಿದರಂತೆ. ಕಂಬಂ ಕಣಿವೆಯಲ್ಲೆಲ್ಲ ಸುದ್ದಿ ಹಬ್ಬಿತು. ಆಂಡಿಪಟ್ಟಿಯಿಂದ ಬಂದ ಒಬ್ಬ ದೊಡ್ಡ ಮನುಷ್ಯರು ಕುರ್ಚಿಯಲ್ಲಿ ಕೂತು, 'ನನಗೂ ಸ್ವಲ್ಪ ಹೊಗೆ ಬರ್ಲಿ, ಮೂಗು ಕಂಡರೆ ಸಾಕು' ಎಂದು ಕೇಳಿದರು. ಅವರಿಗೆ ಮೂಗು ಬಿಟ್ಟು ಉಳಿದದ್ದನ್ನು ಅಲ್ಲಾಡಿಸುವುದು ಹೇಗೆಂದು ಕಲಿಸಲು ನನಗೆ ಸಾಕುಸಾಕಾಯಿತು.

ನಮ್ಮ ಕಣಿವೆಗೆ ನೀರು ತರಲೆಂದು ಬಿಳಿಯರು ಬೆಟ್ಟದ ಮೇಲೆ ಕಟ್ಟಿಸುತ್ತಿದ್ದ ಅಣೆಕಟ್ಟಿನ ಕೆಲಸ ಮುಗಿಯುತ್ತಾ ಬಂದ ಕಾಲಕ್ಕೆ ಬೀಗರು ನನ್ನನ್ನು ತಮ್ಮ ಊರಿಗೆ ಕರೆಸಿಕೊಂಡರು. ಅಷ್ಟರಲ್ಲಿ ನಾನು ಹಳೆಯ ಕಾಚನ್ನು ಬಿಟ್ಟು ಹೊಸದನ್ನು ಹಾಕಿಸಿಕೊಂಡಿದ್ದೆ. ಬುಗುರಿಯಂಥ ರಬ್ಬರಿನ ಗುಂಡನ್ನು ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದು ಮುಚ್ಚುವ ಕಾಚು. ಇದನ್ನು ಅವರಿಗೆ ಬಿಡಿಸಿ ಹೇಳಿದೆ. ಇದರಲ್ಲಿ ಹೊಗೆ ಬರಲ್ಲ ಯಜಮಾನರೇ, ಸುಮ್ಮನೆ ನಿಂತುಕೊಳ್ಳಿ ಎಂದೆ.

'ನಿಮ್ಮ ಮಾವನಿಗೆ ಬಂದದ್ದು ನನಗೆ ಬರಲ್ವಾ?' ಎಂದರು ಅವರು, ಸುಡುಬಿಸಿಲಿನಲ್ಲಿ ತಮ್ಮ ಎತ್ತುಗಳ ನಡುವೆ ನಿಂತು. ನಾನು ಬುಗುರಿ ಹಿಡಿದದ್ದೇ ತಡ, ಮೈಮೇಲೆ ದೇವರು ಬಂದವರಂತೆ ತಲೆಯನ್ನು ಎಡಕ್ಕೂ ಬಲಕ್ಕೂ ಒಗೆದರು. ನಾನು ಒತ್ತಿದೆ.

ಪಟ ಗಾಜಿನಷ್ಟು ತಿಳಿಯಾಗಿ ಬಂತು. ಎಡಗಿವಿಯ ಮೇಲೆ ಜೋತುಬಿದ್ದ ರುಮಾಲು, ತೆರೆದ ಬಾಯಿ, ಬಾಯೊಳಗಿನ ಎಲೆಅಡಿಕೆ, ಒಂದು ಕಣ್ಣು ಮುಚ್ಚಿ ಇನ್ನೊಂದು ಆಕಾಶಕ್ಕೆ. ಎರಡೂ ಕಡೆಯ ಎತ್ತುಗಳು ಅವರನ್ನೇ ಗಾಬರಿಯಿಂದ ನೋಡುತ್ತಿದ್ದವು.

ಬೀಗರು ಅದನ್ನು ಬೋರಲು ಹಾಕಿ ಅಕ್ಕಿಮೂಟೆಯ ಹಿಂದೆ ಸೇರಿಸಿದರು, ನನ್ನೊಡನೆ ಒಂದು ಸುಗ್ಗಿಯವರೆಗೆ ಮಾತಾಡಲಿಲ್ಲ. ಆದರೆ ಮಾವನ ಮಗಳು ಆ ಮನೆಯ ಸೊಸೆಯಲ್ಲವೇ, ತೌರಿಗೆ ಬಂದಾಗ ಎಲ್ಲವನ್ನೂ ನಟಿಸಿ ತೋರಿಸಿದಳು. ಮಾವ ಎದ್ದವನೇ ನೇರ ನನ್ನ ಮನೆಗೆ ಬಂದ. ಫಲಕ ನನ್ನ ಹತ್ತಿರವೇ ಇದೆಯೆಂದು ಅವನಿಗೆ ಗೊತ್ತಿತ್ತು.

'ಮಾಪಿಳ್ಳೆ, ಅದ್ರಲ್ಲಿ ನನಗೊಂದು ಇಳಿಸ್ಕೊಡು.'

'ಅವರು ಬ್ಯಾಡ ಅಂದವ್ರೆ ಮಾವ.'

'ಅವರಿಗೆ ಬ್ಯಾಡ, ನನಗೆ ಬೇಕು. ಸಮ್ಮಂದಿ ಮುಖ ದಿನಾ ನೋಡೋದು ಗೌರವ ಅಲ್ವಾ?'

ಇಳಿಸಿಕೊಟ್ಟೆ. ಅವನು ಅದನ್ನು ಊಟಕ್ಕೆ ಕೂರುವ ಜಾಗದ ಎದುರುಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಬೀಗರು ಬರುವ ಸುಳಿವು ಸಿಕ್ಕರೆ ತೆಗೆದು ಒಳಗಿಡುವುದು, ಅವರ ಗಾಡಿ ಊರು ದಾಟಿದ ಕೂಡಲೇ ಮತ್ತೆ ಹಾಕುವುದು. ತುತ್ತು ಎತ್ತಿದ, ಪಟ ನೋಡಿದ, ನಗು ಉಕ್ಕಿತು, ತುತ್ತು ಇಳಿಸಿದ. ಅವನ ಊಟ ಮುಗಿಯದೆ ಪಾತ್ರೆ ತೊಳೆಯಲಾಗುತ್ತಿಲ್ಲವೆಂದು ಅತ್ತೆ ನನ್ನ ಹತ್ತಿರ ದೂರಿದಳು. ನಾನು ಹೋಗಿ ಪಟವನ್ನು ತೆಗೆದುಬಿಡಲೇ ಎಂದು ಕೇಳಿದರೆ, ಸ್ವಲ್ಪ ಯೋಚಿಸಿ, 'ಬ್ಯಾಡ, ಇರ್ಲಿ. ನಾನೂ ಅಲ್ಲೇ ಕೂತು ಉಣ್ಣೋದು' ಎಂದಳು.