ಯೆಲ್ಕಾಳ ಟ್ರ್ಯಾಕ್ಟರ್, ರಾಯ್ಕೊನ ಬಾಗಿಲು

ನಮ್ಮ ಬ್ರೆಗ್ ಹಳ್ಳಿಗೆ ಬೇಸಿಗೆಯಲ್ಲಿ ಬಂದವರು ಹಿತ್ತಿಲುಗಳನ್ನು ನೋಡಿ ನಿಂತುಬಿಡುತ್ತಾರೆ. ಹತ್ತು ಮನೆಗಳ ಹಿತ್ತಿಲಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯ ಕಬ್ಬಿಣದ ಕಮಾನು, ಅದರ ತುಂಬ ಹುರುಳಿಕಾಯಿ ಬಳ್ಳಿ. ಎಷ್ಟು ಚೆಂದ, ಎಲ್ಲರೂ ಸೇರಿ ಮಾಡಿಸಿದಿರಾ ಎಂದು ಕೇಳುತ್ತಾರೆ. ಹೌದು, ಎಲ್ಲರೂ ಮಾಡಿಸಿದ್ದೇ. ಮಾಡಿಕೊಟ್ಟ ಮಹಾನುಭಾವ ನಾನು, ಟ್ರ್ಯಾಕ್ಟರ್ ರಿಪೇರಿಯ ಲೋವ್ರೊ.

ಅವು ಹುರುಳಿಕಾಯಿಗೆಂದು ಹುಟ್ಟಿದ ಕಮಾನುಗಳಲ್ಲ. ಟ್ರ್ಯಾಕ್ಟರಿನ ಸೀಟಿನ ಹಿಂದೆ ನೆಟ್ಟಗೆ ನಿಂತಿರುತ್ತವಲ್ಲ, ಆ ಕಮಾನುಗಳು. ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಮಗುಚಿದರೆ ಭಾರವೆಲ್ಲ ಅದರ ಮೇಲೆ ಬಿದ್ದು ಕೂತವನ ಜೀವ ಉಳಿಯಲಿ ಎಂದು ಕಾರ್ಖಾನೆಯವರು ಹಾಕಿದ್ದು. ನಾನು ಕೊಯ್ದು ತೆಗೆದೆ. ಹತ್ತಲ್ಲ, ಹನ್ನೊಂದು. ಆ ಹನ್ನೊಂದನೆಯದು ಎಲ್ಲಿ ಹೋಯಿತೆಂದು ಮುಂದೆ ಹೇಳುತ್ತೇನೆ.

ಕೊಯ್ದದ್ದು ಬಾಗಿಲಿಗೋಸ್ಕರ. ನಮ್ಮಲ್ಲಿ ದ್ರಾಕ್ಷಾರಸದ ಪೀಪಾಯಿಗೂ ಟ್ರ್ಯಾಕ್ಟರಿಗೂ ಒಂದೇ ಸೂರು, ಗುಡ್ಡಕ್ಕೆ ಒರಗಿಸಿ ಕಟ್ಟಿದ ಕಲ್ಲಿನ ನೆಲಮಾಳಿಗೆ. ಅದರ ಬಾಗಿಲು ಎತ್ತಿನ ಕಾಲದ್ದು, ಗಿಡ್ಡ. ಮೇಲಿನ ಅಡ್ಡಗಲ್ಲಿನಲ್ಲಿ ಕಟ್ಟಿಸಿದ ಹಿರಿಯನ ಹೆಸರು, ಇಸವಿ. ಬ್ರೆಗ್‌ನ ಗಂಡಸು ಹೆಂಡತಿಯ ಬೈಗುಳ ಸಹಿಸಿಯಾನು, ಆ ಕಲ್ಲಿಗೆ ಉಳಿ ತಾಗಿದರೆ ಸಹಿಸ. ಟ್ರ್ಯಾಕ್ಟರನ್ನು ಮಳೆಯಲ್ಲಿ ಹೊರಗೆ ನಿಲ್ಲಿಸಿದರೆ ಸೋಮಾರಿ ಎನ್ನುತ್ತಾರೆ. ಹಾಗಾಗಿ ಕಮಾನು ಬಾಗಿಲಿಗೆ ತಾಗಿದರೆ ಕಮಾನನ್ನು ಕೊಯ್ಯುವುದು. ಯಾರಿಗೂ ಇದು ಹುಚ್ಚುತನ ಎನಿಸಲಿಲ್ಲ. ಪ್ರತಿ ಮೇ ತಿಂಗಳು ಪಾದ್ರಿಗಳು ಚರ್ಚಿನ ಮುಂದೆ ಟ್ರ್ಯಾಕ್ಟರುಗಳ ಸಾಲಿಗೆ ಪವಿತ್ರ ಜಲ ಚಿಮುಕಿಸುತ್ತಾರೆ, ಇನ್ನೇನು ಬೇಕು ಎಂದುಕೊಂಡಿದ್ದೆವು.

ರಾಯ್ಕೊ ನನ್ನ ಪಕ್ಕದ ಮನೆಯವನು, ಒಂದೇ ಬೆಂಚಿನಲ್ಲಿ ಓದಿದವನು. ಮೂರು ಸಲ ಬಂದು ಕೇಳಿದ. ಎರಡು ಸಲ ಆಮೇಲೆ ನೋಡೋಣ ಎಂದೆ. ಮೂರನೆಯ ಸಲ ಹೊಗೆಯಲ್ಲಿ ಒಣಗಿಸಿದ ಹಂದಿತೊಡೆ ಹೊತ್ತು ತಂದ, ಅವನ ಹೆಂಡತಿ ಊರಲ್ಲಿಲ್ಲದ ಹೊತ್ತು ಕೊಯ್ದುಬಿಟ್ಟೆ. ನಾಲ್ಕು ವರ್ಷದ ಮೇಲೆ, ಹುಲ್ಲು ಕೊಯ್ಯುವ ಕಾಲದಲ್ಲಿ, ಅವನ ಟ್ರ್ಯಾಕ್ಟರ್ ಮೇಲಿನ ಹುಲ್ಲುಗಾವಲಿನಲ್ಲಿ ಮಗುಚಿತು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಹೆಂಡತಿ ಯೆಲ್ಕಾ ಯಾರು ಕೊಯ್ದಿದ್ದು ಎಂದು ಕೇಳಿದಾಗ, ಕಮಾನು ನಾನೇ ಕೊಯ್ಕೊಂಡಿದ್ದು ಕಣೆ ಎಂದ. ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ಬಾಯಿ ಬಿಡಲಿಲ್ಲ. ಒಂಬತ್ತು ವರ್ಷ ಬಾಯಿ ಬಿಡಲಿಲ್ಲ.

ಯೆಲ್ಕಾ ಅಂಚೆಯವಳು. ಮೂವತ್ತೊಂದು ವರ್ಷ ಹಳದಿ ಮೊಪೆಡ್ ಮೇಲೆ ಈ ಗುಡ್ಡಗಳನ್ನೆಲ್ಲ ಹತ್ತಿ ಇಳಿದವಳು. ಯಾರ ಮನೆಗೆ ಯಾವ ಕಾಗದ ಬಂತೆಂದು ಗೊತ್ತಿದ್ದೂ ಒಬ್ಬರ ವಿಷಯ ಇನ್ನೊಬ್ಬರ ಮನೆಯಲ್ಲಿ ಆಡಿದವಳಲ್ಲ. ಗಂಡ ಎರಡು ಊರುಗೋಲಿನ ಮೇಲೆ ಮನೆಗೆ ಬಂದ ವಾರವೇ ಮಗುಚಿದ ಟ್ರ್ಯಾಕ್ಟರನ್ನು ಗುಜರಿಗೆ ಕೊಟ್ಟಳು. ಆಮೇಲೆ ಬೆಳಿಗ್ಗೆ ಅಂಚೆ, ಸಂಜೆ ಕುಡುಗೋಲು. ಎರಡು ಸಾವಿರ ದ್ರಾಕ್ಷಿ ಬಳ್ಳಿ, ಸೇಬಿನ ತೋಟ, ಆ ಹುಲ್ಲುಗಾವಲು, ಎಲ್ಲ ಸೇರಿ ಏಳೆಂಟು ಎಕರೆ. ಭೂಮಿ ಮಾರು ಎಂದವರಿಗೆ ಅವಳ ಉತ್ತರ ಒಂದೇ: ‘ಮಾರಿ ಏನು, ಕಿಟಕಿ ಹತ್ರ ಕೂತು ಇವನ ಮುಖ ನೋಡ್ಲಾ?’

ಅರವತ್ತು ತುಂಬಿ ಕೆಲಸದಿಂದ ನಿವೃತ್ತಳಾದ ಚಳಿಗಾಲದಲ್ಲಿ ಅವಳ ಮಂಡಿ ಮುಷ್ಕರ ಹೂಡಿತು. ಫೆಬ್ರವರಿಯಲ್ಲಿ ಒಂದು ದಿನ ನನ್ನ ಶೆಡ್ಡಿಗೆ ಬಂದು ಎರಡು ಕಾಗದ ಮೇಜಿನ ಮೇಲಿಟ್ಟಳು. ಒಂದು ಪಟ್ಟಣದ ಅಂಗಡಿಯ ಹೊಸ ಸಣ್ಣ ಟ್ರ್ಯಾಕ್ಟರ್. ಇನ್ನೊಂದು ಪಕ್ಕದ ಕಣಿವೆಯ ಸಿಲ್ವೊ ಮಾರುತ್ತಿದ್ದ ಹಳೆಯದು, ಹೊಸದರ ಅರ್ಧಕ್ಕೂ ಕಡಿಮೆ ಬೆಲೆಗೆ.

‘ಲೋವ್ರಣ್ಣಾ, ಯಾವುದು ತಗೊಳ್ಳಲಿ?’

‘ಇದೂ ಒಂದು ಪ್ರಶ್ನೆನಾ? ಹಳೇದು. ಹೊಸದು ಪಟ್ಟಣದೋರ ಶೋಕಿ. ಅಂಗಡಿ ಬಾಗಿಲು ದಾಟಿದ ಗಳಿಗೆಗೇ ಕಾಲು ಭಾಗ ಬೆಲೆ ಹೋಯ್ತು.’

‘ರಾಯ್ಕೊನೂ ಹಂಗೇ ಅಂದ.’

‘ಒಂದಿನ ಆದ್ರೂ ಬುದ್ಧಿ ಮಾತು ಆಡಿದ್ನಲ್ಲ.’

ಅವಳು ನಗಲಿಲ್ಲ. ‘ಆ ಮೇಲಿನ ಹುಲ್ಲುಗಾವಲಲ್ಲಿ ಓಡಿಸೋಳು ನಾನು, ಅಣ್ಣಾ. ಮಗುಚಿದ್ರೆ ನನ್ನ ಮೇಲೇ ಮಗುಚೋದು. ಅಗ್ಗದ ಮಾತು ಆಮೇಲೆ. ನನ್ನ ಜೊತೆ ಬಂದು ಕಣ್ಣಾರೆ ನೋಡಿ ಹೇಳಿ.’

ಶನಿವಾರ ನನ್ನ ಕಾರಿನಲ್ಲಿ ಹೋದೆವು. ಮೊದಲು ಅಂಗಡಿ. ಹೊಸದು ಚೆನ್ನಾಗಿಯೇ ಇತ್ತು, ಕೆಂಪು ಬಣ್ಣ, ಅಗಲ ಕಡಿಮೆ, ದ್ರಾಕ್ಷಿ ಸಾಲಿನ ನಡುವೆ ಸಲೀಸಾಗಿ ಹೋಗುವಂಥದ್ದು. ಅಂಗಡಿಯವನು ಕಮಾನಿನ ಎರಡು ಪಿನ್ನು ಎಳೆದು ಅದನ್ನು ಹಿಂದಕ್ಕೆ ಮಡಚಿ ತೋರಿಸಿದ. ‘ನಿಮ್ಮ ಕಡೆ ಬಾಗಿಲು ಗಿಡ್ಡ ಅಲ್ವಾ ಅಮ್ಮಾ? ಒಳಗೆ ಹೋಗೋವಾಗ ಮಡಚಿ, ಹೊರಗೆ ಬಂದ್ಮೇಲೆ ಎತ್ತಿ. ಒಂದೇ ನಿಮಿಷ.’

ಯೆಲ್ಕಾ ನನ್ನ ಕಡೆ ನೋಡಿದಳು. ಆ ಒಂದು ನಿಮಿಷದ ಕತೆ ನನಗೆ ಗೊತ್ತು. ಮೊದಲ ವಾರ ಎತ್ತುತ್ತಾರೆ. ಎರಡನೆಯ ವಾರ ನಾಳೆ ಎನ್ನುತ್ತಾರೆ. ಆಮೇಲೆ ಪಿನ್ನು ತುಕ್ಕು ಹಿಡಿಯುತ್ತದೆ, ಕಮಾನು ಮಲಗಿದ್ದು ಮಲಗಿಯೇ ಇರುತ್ತದೆ. ಇದನ್ನು ಅವಳಿಗೆ ಹೇಳಿದೆ. ಅಂಗಡಿಯವನಿಗೆ ಕೋಪ ಬಂತು, ಬರಲಿ.

ಅಲ್ಲಿಂದ ಸಿಲ್ವೊನ ಅಂಗಳ. ಸಿಲ್ವೊ ಮೂರು ವರ್ಷದ ಹಿಂದೆ ಆ ಟ್ರ್ಯಾಕ್ಟರನ್ನು ಯಾವುದೋ ದಳ್ಳಾಳಿಯಿಂದ ಕೊಂಡಿದ್ದನಂತೆ. ನಾನು ಎಂಜಿನ್ನಿನ ಮೇಲೆ ಕೈ ಇಟ್ಟು ನೋಡಿದೆ, ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟಿಲ್ಲ ಎಂದರೆ ಮನುಷ್ಯ ನೆಟ್ಟಗಿನವನು. ಒಂದೇ ಏಟಿಗೆ ಎದ್ದಿತು. ಹೊಗೆ ಶುದ್ಧ, ಎಣ್ಣೆ ಶುದ್ಧ, ಕ್ಲಚ್ಚಿನ ಪೆಡಲು ಸವೆದಿರಲಿಲ್ಲ. ಎಲ್ಲ ನಾನು ಹೇಳಿದಂತೆಯೇ ಇದೆ ನೋಡು ಎಂದು ಮನಸ್ಸಿನಲ್ಲೇ ಬೀಗಿದೆ.

‘ಕಮಾನು ನೋಡಿ ಯಜಮಾನ್ರೇ,’ ಎಂದು ಸಿಲ್ವೊ ಹಿಡಿದು ಅಲ್ಲಾಡಿಸಿದ. ‘ಚರ್ಚಿನ ಗೋಪುರ ಇದ್ದಂಗೆ.’

ಬಗ್ಗಿ ನೋಡಿದೆ. ಕಮಾನಿನ ಎಡಗಾಲಿನ ಬುಡದಲ್ಲಿ ಬಣ್ಣದ ಕೆಳಗೆ ಒಂದು ಉಬ್ಬು. ಬೆರಳಾಡಿಸಿದೆ. ವೆಲ್ಡಿಂಗ್. ಎಡಕ್ಕೆ ಒರಗಿದ ವೆಲ್ಡಿಂಗ್. ಈ ಸುತ್ತಮುತ್ತಲಲ್ಲಿ ಎಡಗೈಯಲ್ಲಿ ವೆಲ್ಡಿಂಗ್ ಮಾಡುವವನು ಒಬ್ಬನೇ, ಅವನು ಅಲ್ಲಿಯೇ ಮಂಡಿಯೂರಿ ಕೂತಿದ್ದ. ಇದೇ ಆ ಹನ್ನೊಂದನೆಯದು; ದಳ್ಳಾಳಿ ಟ್ರ್ಯಾಕ್ಟರಿಗೆಲ್ಲ ಬೇರೆ ಬಣ್ಣ ಹೊಡೆಸಿದ್ದಕ್ಕೆ ಗುರುತು ಸಿಕ್ಕಿರಲಿಲ್ಲ. ಊರಿನ ಮುದುಕ ಮಾತೆವ್ಜ್ ತೀರಿಕೊಂಡಾಗ ಅವನ ಅಳಿಯ ಟ್ರ್ಯಾಕ್ಟರ್ ಮಾರಬೇಕೆಂದು ಬಂದಿದ್ದ. ತಪಾಸಣೆಯಲ್ಲಿ ಪಾಸಾಗಬೇಕು, ಕಮಾನು ಬೇಕು ಎಂದ. ಹುರುಳಿಕಾಯಿ ಬಳ್ಳಿ ಹರಿದು, ಕಮಾನು ಕಿತ್ತು ತಂದು, ನಾನೇ ಕೂಡಿಸಿ, ನಾನೇ ಬಣ್ಣ ಬಳಿದಿದ್ದೆ. ಹಾಗೆ ಕೂಡಿಸಿದ್ದು ನೋಡುವುದಕ್ಕೆ ನಿಲ್ಲುತ್ತದೆ. ಟ್ರ್ಯಾಕ್ಟರಿನ ಭಾರ ಬಿದ್ದ ದಿನ ನಿಲ್ಲುತ್ತದೆಂದು ನಾನು ಆಣೆ ಮಾಡಲಾರೆ.

‘ಏನಣ್ಣಾ, ತಗೊಳ್ಳೋದಾ?’ ಎಂದಳು ಯೆಲ್ಕಾ.

‘ಮನೆಗೆ ಹೋಗಿ ಮಾತಾಡೋಣ.’

ಸುಳ್ಳು ಹೇಳಬಹುದಿತ್ತು. ಎಂಜಿನ್ನು ಸರಿಯಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡಿಕೊಂಡನಂತೆ. ನನ್ನನ್ನು ಕಳ್ಳ ಎಂದವರೇ ಇರಲಿಲ್ಲ, ದಾರಿಯುದ್ದಕ್ಕೂ ಹೆಗಲು ಮುಟ್ಟಿಕೊಳ್ಳುತ್ತಲೇ ಕಾರು ಓಡಿಸಿದೆ. ನಮ್ಮ ಗುಡ್ಡದ ತಿರುವಿನಲ್ಲಿ ಶಿಲುಬೆಯ ಗುಡಿ ಇದೆ. ಅಲ್ಲಿ ನಿಲ್ಲಿಸಿದೆ.

‘ಅದು ಬೇಡ ಯೆಲ್ಕಾ. ಆ ಕಮಾನು ಒಂದ್ಸಲ ಕೊಯ್ದು ಮತ್ತೆ ಕೂಡಿಸಿದ್ದು.’

‘ನಿಮಗೆ ಹೆಂಗೆ ಗೊತ್ತಾಯ್ತು?’

‘ಕೊಯ್ದೋನು ನಾನು. ಕೂಡಿಸ್ದೋನೂ ನಾನು. ರಾಯ್ಕೊಂದೂ ನಾನೇ ಕೊಯ್ದಿದ್ದು. ಅವನಲ್ಲ. ನನ್ನ ಉಳಿಸೋಕೆ ಅವನು ಸುಳ್ಳು ಹೇಳ್ದ.’

ಅವಳು ಬಾಗಿಲು ತೆರೆದು ಇಳಿದಳು. ಮನೆ ಇನ್ನೂ ಒಂದು ಮೈಲಿ, ಏರುದಾರಿ, ಆ ಮಂಡಿ. ನಾನು ನಿಧಾನವಾಗಿ ಹಿಂದೆ ಬಂದೆ. ಎರಡನೆಯ ತಿರುವಿನಲ್ಲಿ ತಿರುಗಿ, ‘ನನ್ನ ಹಿಂದೆ ಬರ್ಬೇಡಿ,’ ಎಂದಳು. ಅಷ್ಟೇ.

ಮರುದಿನ ಸಿಲ್ವೊನ ಮನೆಗೆ ಹೋಗಿ ಅವನಿಗೂ ಹೇಳಿದೆ, ಹೊಟ್ಟೆ ತುಂಬ ಬೈಸಿಕೊಂಡು ಬಂದೆ. ಆ ಸಂಜೆ ರಾಯ್ಕೊ ಫೋನು ಮಾಡಿದ.

‘ಲೇ ಮಹರಾಯ, ಒಂಬತ್ತು ವರ್ಷ ನುಂಗ್ಕೊಂಡು ಕೂತಿದ್ದೆ ನಾನು. ನಿಂಗೆ ಅಜೀರ್ಣ ಆಯ್ತಾ?’

‘ಆಯ್ತು.’

‘ನನ್ನ ಜೊತೆನೂ ಮಾತು ಬಿಟ್ಟಿದ್ದಾಳೆ ಕಣೋ. ಸೂಪು ಮಾತ್ರ ಮುಂದೆ ಇಡ್ತಾಳೆ. ಉಪ್ಪಿಲ್ಲ.’

ಎಂಟು ದಿನ ಹಾಗೇ ಕಳೆಯಿತು. ಆ ಎಂಟು ದಿನ ನಾನು ಒಂದು ಬೋಲ್ಟನ್ನೂ ಸರಿಯಾಗಿ ಬಿಗಿಯಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಯೆಲ್ಕಾ. ಕೈಯಲ್ಲಿ ಅಳತೆ ಪಟ್ಟಿ. ಕೂತುಕೋ ಎಂದರೆ ಕೂರಲಿಲ್ಲ.

‘ಹೊಸದಕ್ಕೆ ಹೇಳಿ ಬಂದೆ. ಕೆಳಗಿನ ಕಾಡಿನ ತುಂಡು ಮಾರ್ತೀನಿ. ಇನ್ನೂ ಹಳೇವು ನಾಲ್ಕು ನೋಡ್ದೆ. ಮೂರಕ್ಕೆ ಕಮಾನೇ ಇಲ್ಲ, ಒಂದರದ್ದು ಕೋಳಿಗೂಡಿನ ಮೇಲಿತ್ತು.’

‘ಒಳ್ಳೇದಾಯ್ತಮ್ಮ. ಆದ್ರೆ ಆ ಪಿನ್ನು...’

‘ಪಿನ್ನಿನ ವಿಷಯಕ್ಕೇ ಬಂದಿದ್ದು. ನಾನೂ ಮನುಷ್ಯಳೇ. ಮಳೆ ಬರ್ತಿರುತ್ತೆ, ಸುಸ್ತಾಗಿರುತ್ತೆ, ನಾಳೆ ಎತ್ತೋಣ ಅಂತ ನಾನೂ ಅಂತೀನಿ. ಕಮಾನು ಮಡಚೋ ಪ್ರಸಂಗನೇ ಬರಬಾರ್ದು.’ ಅಳತೆ ಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟಳು. ‘ಇಷ್ಟು ವರ್ಷ ಬಾಗಿಲಿಗೋಸ್ಕರ ಟ್ರ್ಯಾಕ್ಟರ್ ಕೊಯ್ದ್ರಿ ಲೋವ್ರಣ್ಣ. ಈಗ ಟ್ರ್ಯಾಕ್ಟರಿಗೋಸ್ಕರ ಬಾಗಿಲು ಕೊಯ್ರಿ.’

ಉಳಿ, ಸುತ್ತಿಗೆ, ಎರಡು ಜಾಕ್ ತೆಗೆದುಕೊಂಡು ಅವಳ ಹಿಂದೆ ನಡೆದೆ.

ರಾಯ್ಕೊ ಪೇರ್ ಹಣ್ಣಿನ ಮರದ ಕೆಳಗೆ ಮರದ ಬೆಂಚಿನ ಮೇಲೆ ಕೂತಿದ್ದ. ನನ್ನ ಕೈಯ ಉಳಿ ನೋಡಿ ಊರುಗೋಲು ಎತ್ತಿದ. ‘ಏಯ್! ಅದು ನನ್ನ ಮುತ್ತಜ್ಜನ ಕಲ್ಲು! ಸಾವಿರದ ಎಂಟುನೂರ ಎಪ್ಪತ್ನಾಲ್ಕು ಅಂತ ಕೆತ್ತಿದೆ, ಕಣ್ಣು ಕಾಣಲ್ವಾ?’

‘ಕಾಣುತ್ತೆ,’ ಎಂದಳು ಯೆಲ್ಕಾ. ‘ನಿನ್ನ ಸೊಂಟನೂ ಕಾಣುತ್ತೆ. ನಿನ್ನ ಮುತ್ತಜ್ಜ ಬಂದು ನಿನ್ನ ಕಾಲಿಗೆ ಚಡ್ಡಿ ಏರಿಸ್ತಾನಾ? ನಾನು ಏರಿಸ್ತಿರೋದು. ನನ್ನ ಸೊಂಟನೂ ಹೋದ್ರೆ ನಿನಗ್ಯಾರು, ನನಗ್ಯಾರು?’

ರಾಯ್ಕೊ ಊರುಗೋಲು ಇಳಿಸಿದ. ‘ಒಡೀಬೇಡ ಕಣೋ ಲೋವ್ರೊ,’ ಎಂದ ಮೆಲ್ಲಗೆ. ‘ಇಡಿಯಾಗಿ ತೆಗಿ.’

ಗೋಡೆಗೆ ಆನಿಕೆ ಕೊಟ್ಟು, ಕಲ್ಲನ್ನು ಇಡಿಯಾಗಿ ಇಳಿಸಿ, ಒಂದೂವರೆ ಮೊಳ ಮೇಲೆ ಓಕ್ ಮರದ ತೊಲೆ ಕೂರಿಸಲು ನನಗೆ ಹನ್ನೆರಡು ದಿನ ಹಿಡಿಯಿತು. ಕೂಲಿ ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ. ಮೊದಲ ವಾರ ಯೆಲ್ಕಾ ಊಟದ ತಟ್ಟೆಯನ್ನು ಗೋಡೆಯ ಮೇಲಿಟ್ಟು ಹೋಗುತ್ತಿದ್ದಳು. ಎರಡನೆಯ ವಾರ ಒಳಗೆ ಕರೆದಳು. ಗೋಧಿಯ ಗಂಜಿಗೆ ಉಪ್ಪು ಸರಿಯಾಗಿತ್ತು.

ಅಡ್ಡಗಲ್ಲನ್ನು ಪೇರ್ ಮರದ ಕೆಳಗೆ ಬೆಂಚಿನ ಜಾಗದಲ್ಲಿ ಹಾಕಿದೆವು, ಇಸವಿ ಎದುರಿಗೆ ಕಾಣುವಂತೆ. ರಾಯ್ಕೊ ಅದರ ಮೇಲೆ ದಿಂಬು ಹಾಕಿ ಕೂತು, ‘ಮುತ್ತಜ್ಜ ತಣ್ಣಗಿದ್ದಾನೆ,’ ಎಂದ.

ಏಪ್ರಿಲ್‌ನಲ್ಲಿ ಟ್ರ್ಯಾಕ್ಟರ್ ಬಂತು. ಯೆಲ್ಕಾ ಮೊದಲು ಸೀಟಿನ ಬೆಲ್ಟು ಹಾಕಿಕೊಂಡಳು. ಆಮೇಲೆ ನೇರ ಮೇಲಿನ ಹುಲ್ಲುಗಾವಲಿಗೆ ಓಡಿಸಿದಳು, ಹಳೆಯದು ಮಗುಚಿದ ಜಾಗಕ್ಕೇ. ನಾನೂ ರಾಯ್ಕೊನೂ ಕೆಳಗಿನಿಂದ ನೋಡುತ್ತ ನಿಂತೆವು. ಮೇಲಿನ ಅಂಚಿನವರೆಗೆ ಹೋಗಿ, ತಿರುಗಿ, ಇಳಿದು ಬಂದಳು. ಬಾಗಿಲ ಮುಂದೆ ನಿಲ್ಲಿಸಲಿಲ್ಲ, ತಲೆ ಬಗ್ಗಿಸಲಿಲ್ಲ. ಕಮಾನು ತೊಲೆಯ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟು ನೆಟ್ಟಗೆ ಒಳಗೆ ಹೋಯಿತು.

ರಾಯ್ಕೊ ಅಳುತ್ತಿದ್ದ. ಮುಚ್ಚಿಕೊಳ್ಳಲೂ ಇಲ್ಲ. ‘ಇಷ್ಟೇನಾ?’ ಎಂದ. ‘ಇಷ್ಟೇ ಇತ್ತೇನೋ ಲೋವ್ರೊ? ಒಂದೂವರೆ ಮೊಳ?’

‘ಇಷ್ಟೇ,’ ಎಂದೆ.

ಯೆಲ್ಕಾ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಹಿತ್ತಿಲಿನಲ್ಲಿ ರಾಯ್ಕೊನ ಹಳೆಯ ಕಮಾನು ಖಾಲಿ ನಿಂತಿತ್ತು, ಹುರುಳಿಕಾಯಿ ಬೀಜ ಹಾಕಲು ಇನ್ನೂ ಎರಡು ವಾರ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

‘ಜಾಕ್ ಇಲ್ಲೇ ಬಿಟ್ಟು ಹೋಗ್ಬೇಡಿ ಅಣ್ಣಾ,’ ಎಂದಳು. ‘ಊರಲ್ಲಿ ಇನ್ನೂ ಒಂಬತ್ತು ಬಾಗಿಲಿದೆ.’

ಮೊದಲನೆಯ ಮನೆಗೆ ಸೋಮವಾರ ಹೋದೆ, ಬಾಗಿಲು ಎತ್ತರಿಸಿ ಹೊಸ ಕಮಾನು ತರಿಸೋಣ ಎಂದೆ. ಹೊರಗೆ ಓಡಿಸಿದರು. ಮಂಗಳವಾರ ಮತ್ತೆ ಹೋದೆ.