ಹೊರಗಿನ ಚಿಲಕ

ಬಸ್ ನಿಲ್ದಾಣದ ಗೋಡೆಗೆ ಆತುಕೊಂಡು ಒಂದು ತಗಡಿನ ಅಂಗಡಿ ಇದೆ. ಒಬ್ಬರು ಒಳಗೆ ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು, ಅಷ್ಟೇ ಜಾಗ. ಅಲ್ಲಿ ಕೂತು ಕೀ ಉಜ್ಜುವ ಹೆಂಗಸನ್ನು ಎಲ್ಲರೂ ಬೀಗದಕ್ಕ ಅಂತಲೇ ಕರೆಯುವುದು. ಐವತ್ತೆರಡು ವಯಸ್ಸು, ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಅಪ್ಪ ಕೊಟ್ಟ ಅರ ಇನ್ನೂ ಸವೆದಿಲ್ಲ, ನನ್ನ ನಾಲಿಗೆಯೂ ಸವೆದಿಲ್ಲ ಅಂತ ಅವಳೇ ಹೇಳಿಕೊಂಡು ನಗುತ್ತಾಳೆ.

ಊರಲ್ಲಿ ಯಾವ ಮನೆ ಖಾಲಿ ಇದೆ ಅನ್ನುವುದು ಬ್ರೋಕರುಗಳಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಬಾಡಿಗೆಯವರು ಸಾಮಾನು ಹೊರಿಸಿಕೊಂಡು ಹೋದ ಮರುದಿನವೇ ಮಾಲೀಕರು ಬೀಗ ಬದಲಾಯಿಸಲು ಅವಳನ್ನು ಕರೆಯುತ್ತಾರಲ್ಲ. ಹೋಗುತ್ತಾಳೆ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುತ್ತಾಳೆ. ಆಮೇಲೆ ಪರೀಕ್ಷೆ: ಒಬ್ಬರು ಒಳಗೆ, ಒಬ್ಬರು ಹೊರಗೆ. ಒಳಗೆ ನಿಂತು ನೋಡದೆ ಹಾಕಿದ ಬೀಗ ಬೀಗವೇ ಅಲ್ಲ ಅನ್ನುತ್ತಿದ್ದ ಅವಳ ಅಪ್ಪ. ಪರೀಕ್ಷೆ ಆದ ಮೇಲೆ ಮೂರೂ ಕೀಗಳನ್ನು ಮಾಲೀಕರ ಅಂಗೈಗೆ ಹಾಕಿ ಬರುತ್ತಾಳೆ. ಒಂದನ್ನೂ ತನ್ನ ಹತ್ತಿರ ಉಳಿಸಿಕೊಂಡವಳಲ್ಲ.

ಗಡಿಯಾಚೆ ಯುದ್ಧ ಶುರುವಾಗಿ, ಓಡಿಬಂದ ಜನ ಇಲ್ಲಿಯ ಹಳೆಯ ಗೋದಾಮಿನಲ್ಲಿ ಬಂದಿಳಿದಾಗ ಬೀಗದಕ್ಕನನ್ನು ಯಾರೂ ಏನೂ ಕೇಳಿರಲಿಲ್ಲ. ತಾನಾಗಿಯೇ ಮೈಮೇಲೆ ಎಳೆದುಕೊಂಡಳು. ಖಾಲಿ ಮನೆ ತೋರಿಸುವುದು, ಮಾಲೀಕರ ಜೊತೆ ಜಗಳ ಆಡುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ನೀರಿನ ಮೋಟರು ಎಷ್ಟು ಹೊತ್ತಿಗೆ ಹಾಕುತ್ತಾರೆ ಅಂತ ಹೇಳಿಕೊಡುವುದು. ಆರು ತಿಂಗಳಲ್ಲಿ ಹನ್ನೊಂದು ಕುಟುಂಬಕ್ಕೆ ಸೂರಾಯಿತು. ಅಷ್ಟರಲ್ಲಿ ಅವಳು ಕೇಳಿದ ಸುಳ್ಳುಗಳಿಗೆ ಲೆಕ್ಕವೇ ಇಲ್ಲ. ನಿನ್ನೆಯಷ್ಟೇ ಕೊಟ್ಟುಬಿಟ್ವಿ. ಮಗ ಬರ್ತಾನೆ, ಅವನಿಗೆ ಬೇಕು. ಪೇಂಟಿಂಗ್ ಮಾಡಿಸ್ಬೇಕು. ಸಾಮಾನು ತುಂಬಿದೆ.

"ಥೂ, ಇವರ ಬಾಯಿಗಿಷ್ಟು!" ಅಂತ ಮನೆಗೆ ಬಂದು ಗಂಡನ ಮುಂದೆ ಕೂಗಾಡುತ್ತಿದ್ದಳು. "ಮಂಗಳವಾರ ನಾನೇ ಬೀಗ ಹಾಕಿ ಬಂದಿದೀನಿ. ಮೂರು ಕೀನೂ ಗೋಡೆ ಮೇಲೆ ನೇತಾಡ್ತಿವೆ. ನನ್ನ ಮುಂದೇನೇ ಕೊಟ್ಟುಬಿಟ್ವಿ ಅಂತಾರಲ್ಲ, ಇವರಿಗೆ ನಾಚಿಕೆ ಅನ್ನೋದಿದ್ಯಾ?"

ಗಂಡ ನಿವೃತ್ತ ಬಸ್ ಕಂಡಕ್ಟರ್. ಮೂವತ್ತು ವರ್ಷ ಜನರ ಕೂಗಾಟ ಕೇಳಿ ಕೇಳಿ ಹದವಾದ ಮನುಷ್ಯ. ಒಂದೇ ಒಂದು ಸಲ, ಪೇಪರಿನಿಂದ ತಲೆ ಎತ್ತದೆ, "ನಮ್ಮ ಮೇಲಿನ ಕೋಣೆ..." ಅಂದಿದ್ದ.

"ಅದು ಮನೆಯಲ್ಲ, ಕೋಣೆ. ಅಂಗಡಿ ಸಾಮಾನು ತುಂಬಿದೆ," ಅಂತ ಅವಳು ಸಿಡುಕಿದ್ದಳು. ಅವನು ಪುಟ ತಿರುಗಿಸಿದ್ದ.

ಹನ್ನೆರಡನೆಯ ಕುಟುಂಬದಲ್ಲಿ ಮೂರೇ ಜನ. ಬಟ್ಟೆ ಹೊಲಿಯುವ ಹೆಂಗಸು, ಅವಳ ಅಮ್ಮ, ಏಳು ವರ್ಷದ ಮಗಳು. ಶುಕ್ರವಾರ ಸಂಜೆಯೊಳಗೆ ನಿರಾಶ್ರಿತರ ಆಫೀಸಿನಲ್ಲಿ ವಿಳಾಸ ಬರೆಸದಿದ್ದರೆ ಮೂವರನ್ನೂ ಲಾರಿ ಹತ್ತಿಸಿ ಗಡಿ ಹತ್ತಿರದ ಶೆಡ್ಡುಗಳಿಗೆ ವಾಪಸ್ ಕಳಿಸುತ್ತಾರೆ ಅಂತ ನೋಟಿಸ್ ಬಂತು. ಇಲ್ಲಿಗೆ ಬರುವ ಮೊದಲು ಆ ಶೆಡ್ಡುಗಳಲ್ಲಿ ಅವರು ಎಂಟು ತಿಂಗಳು ಕಳೆದವರು. ಸಂಜೆ ಆರಾದರೆ ಸಾಕು, ಹೊರಗಿನಿಂದ ಚಿಲಕ ಹಾಕುತ್ತಿದ್ದರಂತೆ. ಅಜ್ಜಿ ಇವತ್ತಿಗೂ ಬಾಗಿಲು ಮುಚ್ಚಿದ ಕಡೆ ಕೂರುವುದಿಲ್ಲ. ಬಚ್ಚಲಿಗೆ ಹೋದರೂ ಮೊಮ್ಮಗಳು ಬಾಗಿಲಿಗೆ ಕಾಲು ಕೊಟ್ಟು ನಿಲ್ಲಬೇಕು.

ಬೀಗದಕ್ಕ ಬುಧವಾರ ಅವರನ್ನು ಟೀಚರಮ್ಮನ ಹತ್ತಿರ ಕರೆದುಕೊಂಡು ಹೋದಳು. ಟೀಚರಮ್ಮ ಅಂದರೆ ಊರಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಬೀಗದಕ್ಕನಿಗೂ. ಹಿತ್ತಿಲಲ್ಲಿ ಎರಡು ಕೋಣೆಯ ಮನೆ, ಖಾಲಿ. "ಅಯ್ಯೋ, ಪಾಪ! ಮನುಷ್ಯರಿಗೆ ಮನುಷ್ಯರಾಗದೆ ಇನ್ಯಾರಾಗ್ತಾರೆ?" ಅಂತ ಟೀಚರಮ್ಮ ಚಹಾ ಕೊಟ್ಟರು, ಮಗುವಿನ ಕೆನ್ನೆ ಸವರಿದರು, ಒಪ್ಪಿಯೂ ಬಿಟ್ಟರು. ಬೀಗದಕ್ಕನ ಕಣ್ಣಲ್ಲಿ ನೀರು ಬಂದದ್ದು ಆ ಆರು ತಿಂಗಳಲ್ಲಿ ಅದೇ ಮೊದಲು.

ಗುರುವಾರ ಬೆಳಿಗ್ಗೆ ಟೀಚರಮ್ಮನ ಫೋನು. "ಬೀಗ ಬದಲಾಯಿಸೋಕೆ ಬರ್ತೀಯಲ್ಲ, ಬರ್ತಾ ಒಂದು ದಪ್ಪ ಚಿಲಕ ತಗೊಂಡು ಬಾಮ್ಮ."

ಅವಳು ಚೀಲ ಹೊತ್ತು ಹೋದಳು. ಹೊಲಿಗೆಯವಳು, ಅಜ್ಜಿ, ಮಗು ಮೂವರೂ ಗಂಟುಮೂಟೆ ಸಮೇತ ಅಂಗಳದಲ್ಲಿ ಕೂತಿದ್ದರು. ಬೀಗ ಕೂರಿಸಿ ಆಯಿತು.

"ಚಿಲಕ ಎಲ್ಲಿಗೆ, ಟೀಚರಮ್ಮ?"

"ಹೊರಗಡೆಗೆ."

"ಹೊರಗಡೆಗಾ?"

"ಒಳ್ಳೆಯವರೇ ಇರ್ಬಹುದು, ಇಲ್ಲ ಅನ್ನಲ್ಲ. ಆದ್ರೂ ಎಂಥವರೋ ಏನೋ, ಯಾರಿಗೆ ಗೊತ್ತು? ರಾತ್ರಿ ಒಂಬತ್ತಕ್ಕೆ ನಾನೇ ಬಂದು ಹಾಕ್ತೀನಿ, ಬೆಳಿಗ್ಗೆ ಆರಕ್ಕೆ ತೆಗೀತೀನಿ. ನನಗೂ ನೆಮ್ಮದಿ, ಅವರಿಗೂ ಕ್ಷೇಮ. ನಿನ್ನೆ ನೀನು ಹೋದ ಮೇಲೆ ಅವರಿಗೆ ಹೇಳಿದೀನಿ, ಒಪ್ಪಿದ್ದಾರೆ."

ಬಾಯಲ್ಲಿ ಬೆಲ್ಲ, ಹೊಟ್ಟೆಯಲ್ಲಿ ವಿಷ ಅಂದರೆ ಇದೇ ಅಲ್ಲವೇ? ನೀವೇ ಹೇಳಿ, ಮೈ ಉರಿಯದೆ ಇರುತ್ತದಾ? ಬೀಗದಕ್ಕನ ಕಿವಿ ಕೆಂಪಾಯಿತು. ಒಂದು ಮಾತೂ ಆಡಲಿಲ್ಲ. ಮಾತಾಡದ ಬೀಗದಕ್ಕನನ್ನು ಕಂಡರೆ ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದ. ಟೀಚರಮ್ಮನಿಗೆ ಅದೆಲ್ಲಿ ಗೊತ್ತು? ಅವಳು ಬಾಗಿಲ ಹೊರಗೆ ಚಿಲಕ ಇಟ್ಟು, ನಾಲ್ಕು ತೂತು ಕೊರೆದು, ನಾಲ್ಕು ಸ್ಕ್ರೂ ಬಿಗಿದಳು.

"ಪರೀಕ್ಷೆ ಮಾಡ್ಬೇಕು, ಟೀಚರಮ್ಮ. ನೀವು ಒಳಗೆ ನಿಂತ್ಕೊಳ್ಳಿ."

ಟೀಚರಮ್ಮ ಒಳಗೆ ಹೋದರು. ಬೀಗದಕ್ಕ ಬಾಗಿಲೆಳೆದು ಚಿಲಕ ಹಾಕಿದಳು. ಹಾಕಿ, ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತಳು.

"ಆಯ್ತಲ್ಲ, ತೆಗಿ."

"ಗಟ್ಟಿಯಾಗಿದ್ಯಾ? ದೂಡಿ ನೋಡಿ."

"ಗಟ್ಟಿಯಾಗಿದೆ. ತೆಗಿಯಮ್ಮ."

"ಬೆಳಿಗ್ಗೆ ಆರಕ್ಕೆ ತೆಗೀತೀನಿ. ನಿಮಗೂ ಕ್ಷೇಮ."

ಮೊದಲು ನಗು ಕೇಳಿಸಿತು. ಆಮೇಲೆ ಗದರಿಕೆ. ಆಮೇಲೆ ಬಾಗಿಲ ಮೇಲೆ ಅಂಗೈ ಬಡಿಯುವ ಸದ್ದು, ಬರಬರುತ್ತ ಜೋರಾಯಿತು. ಬೀಗದಕ್ಕ ಅಲ್ಲಾಡಲಿಲ್ಲ. ಆ ಬಡಿತ ಅವಳಿಗೆ ಹಿತವಾಗಿ ಕೇಳಿಸುತ್ತಿತ್ತು, ಸುಳ್ಳೇಕೆ? ಕೊನೆಗೆ ಎದ್ದು ಬಂದು ಚಿಲಕ ಸರಿಸಿದವಳು ಅಜ್ಜಿ. ಬಾಗಿಲ ಬಡಿತ ಕೇಳಿ ಅವಳ ಮುಖ ಬೂದಿಯಂತಾಗಿತ್ತು.

ಟೀಚರಮ್ಮ ಬೆವತು ಹೊರಬಂದರು. ಒಂದೇ ಮಾತು ಹೇಳಿದರು. "ನಾಲ್ಕೂ ಜನ ನನ್ನ ಅಂಗಳದಿಂದ ಆಚೆ ನಡೀರಿ."

ಬೀದಿ ಕೊನೆಯ ಕಟ್ಟೆಯ ಮೇಲೆ ಗಂಟುಮೂಟೆ ಇಳಿಸಿದರು. ಬೀಗದಕ್ಕನ ಬಾಯಿ ಇನ್ನೂ ನಿಂತಿರಲಿಲ್ಲ. "ಸರಿಯಾಗಿ ಮಾಡ್ದೆ! ಜನ್ಮದಲ್ಲಿ ಮರೀಬಾರ್ದು ಆ ಯಮ್ಮ!"

"ಅಕ್ಕ," ಅಂದಳು ಹೊಲಿಗೆಯವಳು. ಅವಳು ದನಿ ಏರಿಸಿದ್ದನ್ನು ಯಾರೂ ಕೇಳಿದವರಿಲ್ಲ, ಆಗಲೂ ಏರಿಸಲಿಲ್ಲ. "ಶೆಡ್ಡಲ್ಲೂ ಚಿಲಕ ಇದೆ. ಇಲ್ಲೂ ಇರ್ತಿತ್ತು. ಆದ್ರೆ ಇಲ್ಲಿ ಮಗಳಿಗೆ ಶಾಲೆ ಇರ್ತಿತ್ತು."

ಬೀಗದಕ್ಕ ಹೆಗಲ ಚೀಲ ಕೆಳಗಿಟ್ಟಳು.

"ಅಮ್ಮನಿಗೆ ನಾನು ರಾತ್ರಿಯೆಲ್ಲ ಕೂತು ಹೇಳಿ ಒಪ್ಪಿಸಿದ್ದೆ. ನಿಮಗೆ ಸಿಟ್ಟು ಬಂತು. ಸಿಟ್ಟು ಮಾಡ್ಕೊಂಡು ಹೋಗೋಕೆ ನಿಮಗೊಂದು ಮನೆ ಇದೆ, ಅಕ್ಕ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದಾ? ಬೀಗದಕ್ಕ ಬೇರೆ ಮನೆ ನೋಡೋಣ ಅನ್ನಲು ಬಾಯಿ ತೆರೆದಳು. ಯಾವ ಮನೆ? ನಾಳೆ ಶುಕ್ರವಾರ. ಖಾಲಿ ಇದ್ದ ಮನೆಗಳನ್ನೆಲ್ಲ ಒಂದೊಂದಾಗಿ ತಲೆಯಲ್ಲಿ ಎಣಿಸಿದಳು. ಎಣಿಸುತ್ತ ಎಣಿಸುತ್ತ ಮನಸ್ಸಿನಲ್ಲೇ ತನ್ನ ಮನೆಯ ಮೆಟ್ಟಿಲು ಹತ್ತಿ ಮೇಲಿನ ಕೋಣೆಯ ಮುಂದೆ ನಿಂತಳು.

ಸಾಮಾನು ತುಂಬಿದೆ. ಯಾರ ಮಾತದು? ತನ್ನದೇ. ನಾಲ್ಕು ವರ್ಷದಿಂದ ಆ ಕೋಣೆಯಲ್ಲಿ ಇದ್ದದ್ದು ಎರಡು ಪೆಟ್ಟಿಗೆ ತುಕ್ಕು ಬೀಗ, ಒಂದು ಮುರಿದ ಫ್ಯಾನು. ಹಿಂದಿನ ಬಾಡಿಗೆಯವನ ಹೆಜ್ಜೆ ಸದ್ದು ತಲೆಯ ಮೇಲೆ ಕೇಳಿಸುತ್ತಿತ್ತು, ಅವನು ಹೋದ ಮೇಲೆ ಹಾಯೆನಿಸಿತ್ತು, ಅಷ್ಟೇ ಕಾರಣ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಊರವರ ತಟ್ಟೆಯ ನೊಣ ಹುಡುಕಿಕೊಂಡು ಬೀದಿ ಬೀದಿ ಕೂಗಾಡಿದ್ದಳು. ಈಗ ಬಂದ ಸಿಟ್ಟಿಗೆ ಎದುರಾಳಿಯೇ ಇರಲಿಲ್ಲ.

"ಏಳಿ," ಅಂದಳು. "ಗಂಟು ಎತ್ಕೊಳ್ಳಿ."

ಮೂವರೂ ಅವಳ ಹಿಂದೆ ನಡೆದರು. ಮನೆಗೆ ಬಂದವಳೇ ಗಂಡನಿಗೆ "ಮೇಲಿನ ಕೀ ಕೊಡಿ" ಅಂದಳು. ಅವನು ಕ್ಯಾಲೆಂಡರಿನ ಹಿಂದಿನ ಮೊಳೆಯಿಂದ ತೆಗೆದುಕೊಟ್ಟ. ಕೀ ತಿರುಗಲಿಲ್ಲ. ಊರಿನ ಬೀಗವನ್ನೆಲ್ಲ ತೆಗೆಯುವವಳ ಸ್ವಂತ ಬೀಗ ತುಕ್ಕು ಹಿಡಿದು ಕಲ್ಲಾಗಿತ್ತು. ಎಣ್ಣೆ ಬಿಟ್ಟಳು, ಬಡಿದಳು, ಬೈದಳು. ಕೊನೆಗೆ ಗರಗಸ ತಂದು ಕೊಯ್ದಳು. ಕೊಯ್ಯುವಾಗ ಕಣ್ಣಿಂದ ನೀರು ಇಳಿಯುತ್ತಿತ್ತು. "ಪುಡಿ ಬಿತ್ತು," ಅಂದಳು. ಗಂಡ ಹೌದು ಅಂದ.

ಶುಕ್ರವಾರ ಮಧ್ಯಾಹ್ನ ಆಫೀಸಿನ ಗುಮಾಸ್ತ ವಿಳಾಸ ಬರೆದುಕೊಂಡು, "ಮಾಲೀಕರು ಯಾರು?" ಅಂದ. "ನಾನೇ, ಬರೀರಿ," ಅಂತ ಬೀಗದಕ್ಕ ಅವನ ಮೇಲೂ ಹಾರಿದಳು. ಪಾಪ, ಅವನೇನು ಮಾಡಿದ್ದ?

ಸಂಜೆ ಹೊಸ ಬೀಗ ಕೂರಿಸಿದಳು, ಬಾಗಿಲ ಒಳಗಡೆಗೆ ಒಂದು ಚಿಲಕವನ್ನೂ. ಮೂರು ಕೀಗಳನ್ನು ಹೊಲಿಗೆಯವಳ ಅಂಗೈಗೆ ಹಾಕಿದಳು.

"ಒಂದು ನೀವಿಟ್ಕೊಳ್ಳಿ, ಅಕ್ಕ."

"ನಿನ್ನ ಮನೆ ಕೀ ನನಗ್ಯಾಕೆ?" ಅಂತ ಗದರಿ, ಅಜ್ಜಿಯ ಕಡೆ ತಿರುಗಿದಳು. "ಪರೀಕ್ಷೆ ಮಾಡ್ಬೇಕು, ಅಮ್ಮ. ನೀವು ಒಳಗೆ. ಚಿಲಕ ನೀವೇ ಹಾಕ್ಕೊಳ್ಳಿ, ನಾನು ಹೊರಗಿನಿಂದ ದೂಡ್ತೀನಿ."

ಅಜ್ಜಿ ಮಗಳ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ, ತಾನೇ ಬಾಗಿಲು ಮುಚ್ಚಿದಳು. ಚಿಲಕ ಬಿದ್ದ ಸದ್ದು ಕೇಳಿಸಿತು. ಬೀಗದಕ್ಕ ಭುಜ ಕೊಟ್ಟು ದೂಡಿದಳು. ಬಾಗಿಲು ಅಲ್ಲಾಡಲಿಲ್ಲ.

ತುಸು ಹೊತ್ತು ಬಿಟ್ಟು ಒಳಗಿನಿಂದ ಅಜ್ಜಿಯ ದನಿ ಬಂತು. "ತೆಗೀಲಾ?"

"ನನ್ನನ್ನೇನು ಕೇಳ್ತೀರಿ?" ಅಂತ ಬೀಗದಕ್ಕ ಕೂಗಿದಳು. "ನಿಮಗೆ ಬೇಕೆನಿಸಿದಾಗ ತೆಗೀರಿ!"

ಬೀಗದಕ್ಕ, ಹೊಲಿಗೆಯವಳು, ಮಗು ಮೂವರೂ ಮೆಟ್ಟಿಲ ಮೇಲೆ ಕಾದು ಕೂತರು. ಅಜ್ಜಿ ಬೇಗ ತೆಗೆಯಲಿಲ್ಲ.