ಉತ್ತರದ ಗೋಡೆಯ ಬಿಳಿ ಡಬ್ಬಿ

ಶಿವಾನಂದ ಅವರೇ, ಸ್ಟುಟ್‌ಗಾರ್ಟಿನ ಆ ಮನೆಯ ಹೀಟಿಂಗ್ ಕೆಡಿಸಿದವಳು ನಾನು. ನಿಮ್ಮ ಡ್ರಿಲ್ ಅಲ್ಲ, ನೀವು ಕೈಯಿಟ್ಟ ವೈರ್ ಅಲ್ಲ — ನಾನು, ನಿಮ್ಮ ಅತ್ತೆ. ಎದುರಿಗೆ ಕೂತು ಹೇಳುವ ಧೈರ್ಯ ಎಂದಾದರೂ ಬಂದೀತು ಎಂದು ಕಾದೆ, ಕಾಯುತ್ತ ಮುದುಕಿಯಾದೆ. ಈಗ ನಾಲ್ಕು ಜನ ಓದುವ ಕಡೆಯೇ ಬರೆಯುತ್ತಿದ್ದೇನೆ. ನಿಮ್ಮೊಬ್ಬರ ಕಿವಿಯಲ್ಲಿ ಹೇಳಿದರೆ ನೀವು ದೊಡ್ಡ ಮನಸ್ಸು ಮಾಡಿ ಅದನ್ನೂ ನುಂಗಿಕೊಂಡುಬಿಡುತ್ತೀರಿ, ನಾನೂ ಸುಮ್ಮನಾಗಿಬಿಡುತ್ತೇನೆ — ನನ್ನನ್ನು ನಾನು ಬಲ್ಲೆ.

ಕಂಪ್ಯೂಟರ್ ಕಲಿತವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ನೀವು ಅಲ್ಲಿಗೆ ಹೋದ ಮೇಲಿನ ಎರಡನೆಯ ಚಳಿಗಾಲ ಅದು. ಮಗಳು ವೀಣಾಳ ಬಾಣಂತನಕ್ಕೆಂದು ನಾನು ಮೈಸೂರಿನಿಂದ ಬಂದಿದ್ದೆ. ಗುಡ್ಡದ ಮೇಲಿನ ಮನೆ. ಮಹಡಿ ನಿಮಗೆ ಬಾಡಿಗೆಗೆ, ಕೆಳಗೆ ಓನರ್ ಫ್ರೌ ಲಿಂಡ್ನರ್ — ಅಲ್ಲಿ ಶ್ರೀಮತಿಗೆ ಫ್ರೌ ಅನ್ನುತ್ತಾರೆ. ಅನನ್ಯ ದಿನ ತುಂಬುವ ಮುಂಚೆಯೇ ಹುಟ್ಟಿಬಿಟ್ಟಿದ್ದಳು. ನನ್ನ ಅಂಗೈಯಲ್ಲಿ ಅವಳ ಎರಡೂ ಪಾದ ಸೇರಿ ಹಿಡಿಯುತ್ತಿದ್ದವು, ಮತ್ತು ಅವು ಯಾವಾಗಲೂ ತಣ್ಣಗೆ.

ನಮ್ಮಲ್ಲಿ ಬಾಣಂತಿಯ ಕೋಣೆ ಎಂದರೆ ಬೆಚ್ಚಗಿರಬೇಕು, ಸಾಂಬ್ರಾಣಿ ಹೊಗೆಯಾಡಬೇಕು, ಗಾಳಿ ನುಸುಳಬಾರದು. ಅಲ್ಲಿ ಎಲ್ಲ ಉಲ್ಟಾ. ಮನೆಗೆ ಬಂದು ನೋಡಿಕೊಳ್ಳುವ ಸೂಲಗಿತ್ತಿ — ಹೆಬಾಮೆ ಅನ್ನುತ್ತಾರೆ — ಬಂದವಳೇ ಕಿಟಕಿ ತೆರೆಯುತ್ತಿದ್ದಳು. ಮಗುವಿನ ಟೋಪಿ ಬಿಚ್ಚುತ್ತಿದ್ದಳು. ಮಲಗುವ ಕೋಣೆ ತಂಪಾಗಿರಬೇಕಂತೆ. ಅವಳು ಹೋದ ಕೂಡಲೇ ನಾನು ಕಿಟಕಿ ಮುಚ್ಚಿ, ವೀಣಾಳ ಕಿವಿಗೆ ಮತ್ತೆ ಸ್ಕಾರ್ಫ್ ಬಿಗಿಯುತ್ತಿದ್ದೆ. ಕೋಣೆ ಕಾಯಿಸುವ ಬಿಸಿನೀರಿನ ರೇಡಿಯೇಟರಿನ ತಿರುಪು ಪೂರ್ತಿ ತಿರುಗಿಸಿದರೂ ಅದು ಬರೀ ಉಗುರುಬೆಚ್ಚಗೆ.

ನಿಮ್ಮನ್ನು ಕೇಳಬಹುದಿತ್ತು. ಕೇಳಲಿಲ್ಲ. ನಮ್ಮ ಮನೆಯಲ್ಲಿ ಅತ್ತೆ ಅಳಿಯನ ಹತ್ತಿರ ಏನನ್ನೂ ನೇರವಾಗಿ ಕೇಳುವ ಪದ್ಧತಿಯಿಲ್ಲ. ಮಗಳ ಬಾಯಿಂದ ಕೇಳಿಸಬೇಕು. ವೀಣಾ ಕೇಳಿದಳು. ನೀವು ಹಾಲ್‌ನಿಂದಲೇ, ನನಗೂ ಕೇಳಲಿ ಎಂದು, ಗಟ್ಟಿಯಾಗಿ ಉತ್ತರ ಕೊಟ್ಟಿರಿ —

“ನೋಡ್ರಿ ಅತ್ತಿಯವರ, ಹೊರಗ ಉತ್ತರದ ಗ್ವಾಡಿಗೆ, ಕಿಟಕಿ ಬಾಜೂಕ ಬಿಳಿ ಡಬ್ಬಿ ಐತಲ್ಲ, ಅದು ಸೆನ್ಸರ್. ಹೊರಗ ಎಷ್ಟು ಥಂಡಿ ಐತಿ ಅಂತ ಬಾಯ್ಲರಿಗೆ ಚಾಡಿ ಹೇಳೂದು ಅದರ ಕೆಲಸ. ಅದು ಭಾಳ ಥಂಡಿ ಅಂದ್ರ ನೀರು ಭಾಳ ಕಾಯತೈತಿ. ಕೆಳಗಿನ ಸೆಟ್ಟಿಂಗ್ ಓನರಮ್ಮಂದು, ನಾವು ಮುಟ್ಟಂಗಿಲ್ರಿ.”

ಎಷ್ಟು ಚೆನ್ನಾಗಿ ಹೇಳಿಕೊಟ್ಟಿರಿ! ನಾನು ಅದನ್ನು ಪಾಠದಂತೆ ಕೇಳಿಸಿಕೊಂಡೆ.

ಆ ಡಬ್ಬಿಯ ಪಕ್ಕದಲ್ಲೇ ನೀವು ಹೊಡೆದ ಕೊಕ್ಕೆಯಿತ್ತು. ಅದೂ ನನ್ನ ಹಟಕ್ಕೇ — ಮಗುವಿನ ಲಂಗೋಟಿಗೆ ಹೊರಗಿನ ಗಾಳಿ ಬೇಕು, ದಾರ ಕಟ್ಟಿಸು ಎಂದು ವೀಣಾಳ ತಲೆ ತಿಂದಿದ್ದೆ. ನೀವು ಫ್ರೌ ಲಿಂಡ್ನರ್‌ಗೆ ಹೇಳದೆ ಡ್ರಿಲ್ ಹಿಡಿದಿರಿ. ಅದೇ ಕೊಕ್ಕೆಗೆ ನಾನು ಫ್ರೀಜರಿನ ಬಟಾಣಿ ಪ್ಯಾಕೆಟ್ ನೇತುಹಾಕಿದೆ, ಸರಿಯಾಗಿ ಡಬ್ಬಿಯ ಮೈಗೆ ತಾಗುವಂತೆ. ಕರಗಿದರೆ ಇನ್ನೊಂದು. ಸ್ವಲ್ಪ ಹೊತ್ತಿನಲ್ಲೇ ರೇಡಿಯೇಟರ್ ಮುಟ್ಟಲಾಗದಷ್ಟು ಕಾಯಿತು. ಮಗುವಿನ ಪಾದ ಬೆಚ್ಚಗಾಯಿತು. ನಾನು ಕೃಷ್ಣನಿಗೂ, ಕಾನ್ವೆಂಟ್ ಸ್ಕೂಲಿನಲ್ಲಿ ಕಲಿತ ಅಭ್ಯಾಸಕ್ಕೆ ಮದರ್ ಮೇರಿಗೂ ಥ್ಯಾಂಕ್ಸ್ ಹೇಳಿದೆ.

ಕೆಳಗೆ ಏನಾಗುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ. ಫ್ರೌ ಲಿಂಡ್ನರ್ ಮನೆಯಲ್ಲಿ ಅದೇ ಬಾಯ್ಲರಿನ ನೀರು ನೆಲದಡಿಯ ಪೈಪುಗಳಲ್ಲಿ ಹರಿಯುತ್ತಿತ್ತಂತೆ. ನೆಲ ಬರಿಗಾಲಿಡಲಾಗದಷ್ಟು ಸುಟ್ಟಿತು, ಮರದ ಹಲಗೆಗಳು ಬಾಯಿಬಿಟ್ಟವು. ಆಕೆ ಮೆಟ್ಟಿಲು ಹತ್ತಿ ಬಂದು ನಿಮ್ಮನ್ನು ಕೇಳಿದಳು. ನೀವು ಅಂದಿನಿಂದ ಆಫೀಸಿನಿಂದ ಬಂದವರೇ ಶೂ ಕೂಡ ಬಿಚ್ಚದೆ ಕರೆಂಟ್ ಅಳೆಯುವ ಮೀಟರ್ ಹಿಡಿದು ಬಾಯ್ಲರಿದ್ದ ನೆಲಮಾಳಿಗೆಗೆ ಇಳಿಯತೊಡಗಿದಿರಿ. ನೀವು ಬರುವ ಹೊತ್ತಿಗೆ ನಾನು ಪ್ಯಾಕೆಟ್ ಒಳಗೆ ತಂದಿರುತ್ತಿದ್ದೆ. ಹಗಲೆಲ್ಲ ಬಾಯ್ಲರ್ ಕೆಟ್ಟ ಹಾಗೆ ಕಾಯುತ್ತಿತ್ತು, ಸಂಜೆ ನೀವು ಅಳೆದರೆ ಎಲ್ಲ ಸರಿ. ವೈರಿನ ಜಾಯಿಂಟ್ ಬಿಚ್ಚಿ ಮತ್ತೆ ಕಟ್ಟಿದಿರಿ. ಗೋಡೆಯ ಉದ್ದಕ್ಕೂ ಕೇಬಲ್ ತಡವಿ ನೋಡಿದಿರಿ. ಒಂದು ಸಂಜೆ ಕೈ ಚೆಲ್ಲಿ ನಗುತ್ತ ಬಂದಿರಿ —

“ಈ ಮನ್ಯಾಗ ದೆವ್ವ ಐತ್ರಿ ಅತ್ತಿಯವರ. ನಾ ಮೀಟರ್ ಹಿಡದ್ರ ಓಡಿ ಹೋಗತೈತಿ!”

ನಾನೂ ನಕ್ಕೆ. ಕಾಫಿ ಕೊಟ್ಟೆ. ಆಗಲೇ ಹೇಳಿದ್ದರೆ — ಆಗ ಅದು ಒಂದು ಜೋಕ್ ಆಗಿ ಮುಗಿಯುತ್ತಿತ್ತು. ಜೀವನಪೂರ್ತಿ ನನ್ನನ್ನು ಬಟಾಣಿ ಅತ್ತೆ ಎಂದು ಆಡಿಕೊಳ್ಳುತ್ತಿದ್ದಿರಿ, ಅಷ್ಟೇ.

ಆ ಶನಿವಾರ ಆಕೆ ಹೀಟಿಂಗ್ ಮೆಕ್ಯಾನಿಕ್‌ನನ್ನು ಕರೆಸಿದಳು. ಆತ ಸೆನ್ಸರಿನ ಕೇಬಲ್ ನೋಡಿದ, ಅದರ ಪಕ್ಕದ ಕೊಕ್ಕೆ ನೋಡಿದ, ಜರ್ಮನ್‌ನಲ್ಲಿ ಏನೋ ಅಂದ. ಆಕೆಯ ಮುಖ ಕೆಂಪಾಯಿತು. ನಮಗೆ ಅರ್ಥವಾಗಲೆಂದು ಇಂಗ್ಲಿಷಿಗೆ ಹೊರಳಿ, ಗೋಡೆಯೊಳಗಿನ ವೈರಿಗೆ ಯಾರೋ ಪೆಟ್ಟು ಮಾಡಿದ್ದಾರೆ ಎಂದಳು. ನಿಮ್ಮ ಇಂಗ್ಲಿಷ್ ಆಫೀಸಿಗೆ ಸಾಕಾಗುತ್ತಿತ್ತು, ಜಗಳಕ್ಕೆ ಸಾಲುತ್ತಿರಲಿಲ್ಲ. ಕನ್ನಡ ಮೀಡಿಯಮ್ಮಿನ ಹುಡುಗ ಎಂದು ನಾನು ಒಳಗೊಳಗೇ ಹಗುರವಾಗಿ ನೋಡುತ್ತಿದ್ದದ್ದು ನಿಮಗೆ ಗೊತ್ತಿತ್ತೋ ಏನೋ. ಗೊತ್ತಿದ್ದೂ ನೀವು ನನ್ನ ಕಡೆಗೇ ತಿರುಗಿದಿರಿ.

“ಅತ್ತಿಯವರ, ನಿಮ್ದು ಇಂಗ್ಲಿಷ್ ಚಲೋ ಐತಿ. ವೈರಿಗೆ ಏನೂ ಆಗಿಲ್ಲ ಅಂತ ಸ್ವಲ್ಪ ತಿಳಿಸಿ ಹೇಳ್ರಿ ಆಕಿಗೆ.”

ಆಕೆ ನನ್ನನ್ನೇ ನೋಡುತ್ತಿದ್ದಳು. “ಮ್ಯಾಡಮ್, ಡಿಡ್ ಸಂಬಡಿ ಟಚ್ ಇಟ್?”

ಬಟಾಣಿ ಪ್ಯಾಕೆಟ್ ನೆನಪಾಯಿತು. ಬೀಗರ ಕಿವಿಗೆ ಬಿದ್ದರೆ ಎಂಬುದು ನೆನಪಾಯಿತು. ಸುಳ್ಳು ಹೇಳಬಾರದು ಎಂದು ಸಿಸ್ಟರ್ಸ್ ಕಲಿಸಿದ್ದೂ ನೆನಪಾಯಿತು — ಅದಕ್ಕೇ ನಾನು ಸುಳ್ಳಿಲ್ಲದ ಒಂದು ವಾಕ್ಯ ಹುಡುಕಿದೆ.

“ಮೈ ಸನ್-ಇನ್-ಲಾ ವಾಸ್ ಡ್ರಿಲ್ಲಿಂಗ್ ದೇರ್.”

ಒಂದೊಂದು ಪದವೂ ನಿಜ. ಉಚ್ಚಾರಣೆಯಂತೂ ಫಸ್ಟ್ ಕ್ಲಾಸ್.

ನೀವು ನನ್ನ ಮುಖ ನೋಡಿದಿರಿ. ಸಿಟ್ಟಿರಲಿಲ್ಲ, ಸುಮ್ಮನೆ ಅರ್ಥವಾಗದವರ ಹಾಗೆ... ವೀಣಾ ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ರಾತ್ರಿ ನಿದ್ದೆಯಿಲ್ಲದ ಬಾಣಂತಿ, ತಾಳ್ಮೆ ಮುಗಿದಿತ್ತು. “ಬೇಡ ಅಂದ್ರೂ ಎಲ್ಲದಕ್ಕೂ ಕೈ ಹಾಕ್ತೀರ! ನೀವು ಕೈಯಿಟ್ಟದ್ದು ಯಾವುದು ನೆಟ್ಟಗಿರತ್ತೆ ಹೇಳಿ?” ಅಂದಳು. ನಾನು ಅವಳನ್ನು ಗದರಲಿಲ್ಲ. “ಹೋಗ್ಲಿ ಬಿಡಮ್ಮ, ಅಭ್ಯಾಸ ಇಲ್ಲ ಅವರಿಗೆ” ಎಂದೆ. ಇದನ್ನೂ ಬರೆಯಲೇಬೇಕು, ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರೆದೂ ವ್ಯರ್ಥ.

ಮೆಕ್ಯಾನಿಕ್ ಸೆನ್ಸರ್ ಬದಲಿಸಿದ. ನಾನು ಹೆದರಿ ಪ್ಯಾಕೆಟ್ ನಿಲ್ಲಿಸಿದೆ. ಮನೆ ಮೊದಲಿನ ಹಾಗೆ ತಣ್ಣಗಾಯಿತು — ಅಂದರೆ ‘ರಿಪೇರಿ’ಯಾಯಿತು, ತಪ್ಪು ನಿಮ್ಮದೇ ಎಂದು ಸಾಬೀತಾಯಿತು. ಫ್ರೌ ಲಿಂಡ್ನರ್ ಮನೆ ಬಿಡಿ ಅಂದಳು. ಕೈಗೂಸಿದ್ದವರಿಗೆ ಆ ಊರಿನಲ್ಲಿ ಬೇರೆ ಮನೆ ಸಿಗಲಿಲ್ಲ. ಸ್ವಲ್ಪ ದಿನದ ಮಟ್ಟಿಗೆ ಎಂದು ವೀಣಾಳನ್ನೂ ಮಗುವನ್ನೂ ನಾನು ಮೈಸೂರಿಗೆ ಕರೆತಂದೆ. ನೀವು ಬ್ಯಾಚುಲರ್ ಹುಡುಗರ ಜೊತೆ ಒಂದು ರೂಮು ಸೇರಿದಿರಿ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ; ಇನ್ನು ಹೊರಡು ಎಂದು ವೀಣಾಳಿಗೆ ನಾನು ಒಮ್ಮೆಯೂ ಹೇಳಲಿಲ್ಲ. ನೀವು ರಜೆಗೆ ಬರುತ್ತಿದ್ದಿರಿ, ನಮ್ಮ ಮನೆಯಲ್ಲಿ ನೆಂಟರಂತೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಿರಿ. ಅನನ್ಯ ನಿಮ್ಮನ್ನು ನೋಡಿ ನನ್ನ ಸೆರಗಿನಲ್ಲಿ ಅಡಗುತ್ತಿದ್ದಳು. ಆಮೇಲೆ ರಜೆಗೂ ಬರುವುದು ನಿಂತಿತು. ಅಪ್ಪ ತಮ್ಮನ್ನು ಬಿಟ್ಟು ಅಲ್ಲೇ ಉಳಿದುಬಿಟ್ಟರು ಎಂದು ಅನನ್ಯ ನಂಬಿ ಬೆಳೆದಳು. ನಾನು ತಿದ್ದಲಿಲ್ಲ.

ಮಗುವಿಗಾಗಿ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಪ್ಯಾಕೆಟ್ ಇಟ್ಟದ್ದು ಮಗುವಿಗಾಗಿ, ಸರಿ. ಆ ಇಂಗ್ಲಿಷ್ ವಾಕ್ಯ? ಅದು ನನಗಾಗಿ. ಪೂರ್ತಿ ನನಗಾಗಿ.

ನಿನ್ನೆ ವೀಣಾಳಿಗೆ ಹೇಳಿದೆ. ಅವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು. ಕೂಗಾಡುತ್ತಾಳೆ ಎಂದುಕೊಂಡೆ, ಕೂಗಾಡಿದ್ದರೆ ವಾಸಿಯಿತ್ತು.

“ನಾವು ಹೊರಟ ದಿನ ಏರ್‌ಪೋರ್ಟಲ್ಲಿ ಹೇಳಿದ್ರು ಅವರು,” ಅಂದಳು. “ಮಗೂನ ನನ್ನ ಕೈಗೆ ಕೊಡ್ತಾ ಹೇಳಿದ್ರು — ‘ವೈರ್ ಚಲೋ ಐತಿ ವೀಣಾ, ಖರೇನ ಹೇಳ್ತೀನಿ, ಇಂಚಿಂಚು ನೋಡೀನಿ’ ಅಂತ. ಹಾಗಾದ್ರೆ ನಮ್ಮಮ್ಮ ಸುಳ್ಳು ಹೇಳಿದ್ರಾ ಅಂತ ಕೇಳ್ದೆ. ಅವರು ಸುಮ್ಮನಾಗ್ಬಿಟ್ರು.”

ಅತ್ತೆ ಸುಳ್ಳು ಹೇಳಿದರು ಎಂಬ ಒಂದು ಮಾತು ನಿಮ್ಮ ಬಾಯಿಂದ ಬರಲಿಲ್ಲ. ಅಷ್ಟು ಹೊತ್ತಿಗೆ ನಿಮಗೆ ತಿಳಿದಿತ್ತೇ, ಅನುಮಾನವಿತ್ತೇ — ಕೇಳುವ ಹಕ್ಕು ನನಗಿಲ್ಲ.

ಅನನ್ಯಳಿಗೆ ಈ ಭಾನುವಾರ ನಾನೇ ಹೇಳುತ್ತೇನೆ. ನಿನ್ನಪ್ಪ ನಿಮ್ಮಿಬ್ಬರನ್ನು ಬಿಟ್ಟದ್ದಲ್ಲ, ಈ ಅಜ್ಜಿ ಬಿಡಿಸಿದ್ದು ಎಂದು, ಅವಳ ಕಣ್ಣು ನೋಡಿಯೇ ಹೇಳುತ್ತೇನೆ. ಆಮೇಲೆ ಅವಳು ನನ್ನ ಜೊತೆ ಮಾತಾಡದಿರಬಹುದು. ನಿಮಗೆ ಫೋನ್ ಮಾಡಬಹುದು. ಅವಳಿಗೆ ನಿಮ್ಮ ಹತ್ತಿರ ಮಾತಾಡಿ ಅಭ್ಯಾಸವಿಲ್ಲ. ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಇರುತ್ತಾಳೆ. ದಯವಿಟ್ಟು ಫೋನ್ ಇಟ್ಟುಬಿಡಬೇಡಿ.